ಕೈಗಾಳವೋ ರಾಡೋ: ಧಕ್ಕೆಯ ಮೇಲೆ ನಾಲ್ಕು ತಿಂಗಳು

ನಾನು ಘಟ್ಟದ ಮೇಲಿನವನು. ಚಿಕ್ಕಂದಿನಲ್ಲಿ ತುಂಗೆಯ ದಡದಲ್ಲಿ ಬಿದಿರು ಕೋಲು, ಬೆಂಡು, ಎರೆಹುಳು. ಇಷ್ಟೇ ನನ್ನ ಮೀನು ಹಿಡಿಯುವ ವಿದ್ಯೆ. ಕೆಲಸದ ಮೇಲೆ ಉಡುಪಿಗೆ ಬಂದಾಗ ಅದೇ ಧೈರ್ಯದಲ್ಲಿ ಒಂದು ಭಾನುವಾರ ಹಂಗಾರಕಟ್ಟೆಯ ಧಕ್ಕೆಗೆ ಹೋದೆ. ಧಕ್ಕೆ ಅಂದರೆ ದೋಣಿಗಳು ಬಂದು ತಾಗುವ ಕಟ್ಟೆ. ಎದುರಿಗೆ ಕೋಡಿ ಬೆಂಗ್ರೆ, ನಡುವೆ ಹೊಳೆ ಸಮುದ್ರ ಸೇರುವ ಅಳಿವೆ. ಬೆಂಡು ನೀರಿಗೆ ಬಿದ್ದದ್ದೇ ತಡ, ಇಳಿತದ ಸೆಳೆತಕ್ಕೆ ಸಿಕ್ಕಿ ಪಕ್ಕದವರ ದಾರದ ಮೇಲೆ ಹೋಗಿ ಕೂತಿತು. ಎರೆಹುಳು ಉಪ್ಪುನೀರಿನಲ್ಲಿ ಬಿಳಿಚಿಕೊಂಡು ಮೆತ್ತಗಾಯಿತು. ಒಂದು ಏಡಿಯೂ ಅದನ್ನು ಮೂಸಿ ನೋಡಲಿಲ್ಲ.

ಆಮೇಲೆ ಅಕ್ಟೋಬರ್‌ನಿಂದ ಜನವರಿಯವರೆಗೆ ಮೂರು ಬಗೆಯ ಸಾಮಾನು ಕೊಂಡು ನೋಡಿದೆ. ಕೋಲಿಲ್ಲದೆ ಬರೀ ಕೈಯಲ್ಲಿ ದಾರ ಹಿಡಿಯುವ ಕೈಗಾಳ, ತುಂಡುಗಳನ್ನು ಒಂದರೊಳಗೊಂದು ಜಾರಿಸಿ ಚೀಲದಲ್ಲಿ ಇಡುವ ಟೆಲಿಸ್ಕೋಪಿಕ್ ರಾಡ್, ಎರಡು ತುಂಡು ಜೋಡಿಸಿ ದೂರ ಎಸೆಯುವ ಸ್ಪಿನ್ನಿಂಗ್ ರಾಡ್. ರಾಡ್ ಅಂದರೆ ಗಾಳದ ಕೋಲು. ಜಾಗವೂ ಎರಡು. ಒಂದು ಈ ಧಕ್ಕೆ, ಇನ್ನೊಂದು ಕುಂದಾಪುರದ ಕೋಡಿಯಲ್ಲಿ ಕಡಲೊಳಕ್ಕೆ ಚಾಚಿಕೊಂಡಿರುವ ಕಲ್ಲಿನ ತಡೆಗೋಡೆ. ಎಲ್ಲರೂ ಅದನ್ನು ಬ್ರೇಕ್‌ವಾಟರ್ ಅಂತಲೇ ಕರೆಯುತ್ತಾರೆ. ಯಾವುದು ಒಳ್ಳೆಯದು ಅಂತ ಕೇಳಿದರೆ ಎಲ್ಲಿ ನಿಂತಿದ್ದೀರಿ ಅಂತ ನಾನು ತಿರುಗಿ ಕೇಳುತ್ತೇನೆ. ಈ ಎರಡು ಜಾಗದ ನಡುವೆ ಅಷ್ಟು ವ್ಯತ್ಯಾಸ.

ಮೊದಲು ಕೈಗಾಳ. ಖರ್ಚಾದದ್ದು 130 ರೂಪಾಯಿ. ನೂರು ಮೀಟರ್ ನೈಲಾನ್ ದಾರ, ನಾಲ್ಕು ಗಾಳ, ಒಂದಿಷ್ಟು ಸೀಸದ ಗುಂಡು. ದಾರ ಸುತ್ತಲು ಖಾಲಿ ನೀರಿನ ಬಾಟಲಿ. ತುದಿಗೆ ಸೀಸ, ಅದಕ್ಕಿಂತ ಒಂದು ಗೇಣು ಮೇಲೆ ಸಣ್ಣ ಕವಲು ದಾರದಲ್ಲಿ ಗಾಳ. ಸೀಸವನ್ನು ಪಕ್ಕದಲ್ಲಿ ಎರಡು ಮೂರು ಸುತ್ತು ಬೀಸಿ ಬಿಟ್ಟರೆ ಹದಿನೈದು ಇಪ್ಪತ್ತು ಮೀಟರ್ ಹೋಗುತ್ತದೆ. ಬಾಟಲಿಯ ಬಾಯಿಯನ್ನು ನೀರಿನ ಕಡೆ ಹಿಡಿದರೆ ದಾರ ತಾನಾಗಿ ಬಿಚ್ಚಿಕೊಳ್ಳುತ್ತದೆ. ಬೀಸುವ ಮುಂಚೆ ಹಿಂದೆ ಯಾರಿದ್ದಾರೆ ಅಂತ ನೋಡಬೇಕು. ಇದನ್ನು ನಾನು ಒಬ್ಬರ ಟೋಪಿ ಹಾರಿಸಿದ ಮೇಲೆ ಕಲಿತೆ.

ಮೊದಲ ವಾರ ನಾನು ಆದಷ್ಟು ದೂರ ಎಸೆಯುತ್ತಿದ್ದೆ. ದೂರದಲ್ಲಿ ದೊಡ್ಡ ಮೀನು ಇರುತ್ತದೆ ಅಂತ ನನ್ನ ಲೆಕ್ಕ. ಪಕ್ಕದಲ್ಲಿ ಬೀಡಿ ಸೇದುತ್ತಾ ಕೂತಿದ್ದ ಹಿರಿಯರೊಬ್ಬರು ಎರಡು ದಿನ ಸುಮ್ನೆ ನೋಡಿದರು. ಮೂರನೇ ದಿನ ಅವರಿಗೆ ತಡೆಯಲಾಗಲಿಲ್ಲ. “ಅಷ್ಟ್ ದೂರ ಎಂತಕೆ ಬಿಸಾಡುದು ಮಾರಾಯಾ? ಮೀನು ಇಲ್ಲೇ ಕಾಲಡಿಗೆ ಇತ್ತ್.” ನಿಜವೇ. ಧಕ್ಕೆಯ ಕಂಬಗಳಿಗೆ ಚಿಪ್ಪು, ಪಾಚಿ ಅಂಟಿಕೊಂಡಿರುತ್ತವೆ. ಅದನ್ನು ತಿನ್ನಲು ಸಣ್ಣ ಜೀವಿಗಳು ಬರುತ್ತವೆ, ಅವನ್ನು ತಿನ್ನಲು ಮೀನು. ಅಂದು ಗಾಳವನ್ನು ಕಂಬದ ಪಕ್ಕ ನೇರವಾಗಿ ಇಳಿಸಿದೆ. ಸಂಜೆಯೊಳಗೆ ಅಂಗೈ ಅಗಲದ ಒಂದು ಕೆಂಬೇರಿ ಸಿಕ್ಕಿತು. ಆಮೇಲೆ ಸ್ವಲ್ಪ ಮರಳಿರುವ ಕಡೆ ಹಾಕಿದಾಗ ಎರಡು ಕಾಣೆ ಮೀನು.

ಕೈಗಾಳದ ದೊಡ್ಡ ಗುಣ ಅಂದರೆ ಬೆರಳಿಗೆ ಸುದ್ದಿ ಬರುತ್ತದೆ. ದಾರವನ್ನು ತೋರುಬೆರಳಿನ ಮೇಲೆ ಇಟ್ಟುಕೊಂಡು ಕೂತರೆ ಕೆಳಗೆ ಏನಾಗುತ್ತಿದೆ ಅಂತ ಗೊತ್ತಾಗುತ್ತದೆ. ಕಾಣೆ ಟಕ್ ಟಕ್ ಅಂತ ಬೇಗ ಬೇಗ ತಟ್ಟುತ್ತದೆ. ಏಡಿ ಆದರೆ ತಟ್ಟುವುದಿಲ್ಲ, ಯಾರೋ ಮೆಲ್ಲಗೆ ದಾರ ಎಳೆದುಕೊಂಡು ಹೋದ ಹಾಗೆ. ಕೆಂಬೇರಿ ಒಂದೇ ಏಟಿಗೆ ಕಸಿಯುತ್ತದೆ. ರಾಡ್ ಹಿಡಿದು ಶುರು ಮಾಡಿದ್ದರೆ ಈ ಭೇದ ನನಗೆ ತಿಳಿಯಲು ಒಂದು ವರ್ಷ ಬೇಕಾಗುತ್ತಿತ್ತು. ತೊಂದರೆಯೂ ಇದೆ. ದೊಡ್ಡ ಮೀನು ಓಡಿದರೆ ದಾರ ಬೆರಳು ಕೊಯ್ಯುತ್ತದೆ. ಸೈಕಲ್ ಟ್ಯೂಬಿನ ತುಂಡನ್ನು ಉಂಗುರದ ಹಾಗೆ ಬೆರಳಿಗೆ ಹಾಕಿಕೊಂಡರೆ ಸಾಕು. ಗಾಳಿ ಜಾಸ್ತಿ ಇದ್ದ ದಿನ ಕಾಲ ಬಳಿ ಬಿದ್ದ ದಾರ ಸಿಕ್ಕಾಗುತ್ತದೆ. ಅದಕ್ಕೆ ಔಷಧವಿಲ್ಲ, ತಾಳ್ಮೆಯೇ.

ಇದೇ ಕೈಗಾಳವನ್ನು ಕೋಡಿಯ ಬ್ರೇಕ್‌ವಾಟರಿಗೆ ಒಯ್ದೆ. ಪೂರ್ತಿ ಸೋಲು. ಅಲ್ಲಿ ಕಂಬ ಇಲ್ಲ, ಇಳಿಜಾರಾಗಿ ಸುರಿದ ಬಂಡೆಗಳು. ದಾರ ಎಳೆದಾಗ ಸೀಸ ಬಂಡೆಗಳ ಮೇಲೆಯೇ ಉರುಳುತ್ತಾ ಬಂದು ಸಂದಿಗೆ ಸಿಕ್ಕಿಕೊಳ್ಳುತ್ತದೆ. ಒಂದು ಸಂಜೆಗೆ ಏಳು ಸೀಸ ಕಳೆದುಕೊಂಡೆ. ಮೀನು ಸೊನ್ನೆ.

ಇನ್ನು ಟೆಲಿಸ್ಕೋಪಿಕ್ ರಾಡ್. ಆನ್‌ಲೈನಿನಲ್ಲಿ ರಾಡ್, ದಾರ ಸುತ್ತುವ ರೀಲ್, ದಾರ, ಪ್ಲಾಸ್ಟಿಕ್ ಮೀನು, ಚೀಲ ಎಲ್ಲ ಸೇರಿ 1,350 ರೂಪಾಯಿ. ಹೊಸಬರು ಮೊದಲು ಕಣ್ಣು ಹಾಕುವುದು ಇದರ ಮೇಲೆಯೇ. ನಾನೂ ಬಿದ್ದೆ. ಬಸ್ಸಿನಲ್ಲಿ ಒಯ್ಯಲು ಸುಲಭ, ಅಷ್ಟು ಮಾತ್ರ ನಿಜ. ಮೂರನೇ ವಾರಕ್ಕೆ ಮರಳಿನ ಕಣ ಒಳಗೆ ಹೋಗಿ ಎರಡು ತುಂಡು ಕಚ್ಚಿಕೊಂಡವು. ಎಳೆದರೂ ಬರಲಿಲ್ಲ, ತಳ್ಳಿದರೂ ಹೋಗಲಿಲ್ಲ. ದಾರ ಹಾಯುವ ಉಂಗುರಗಳು ಒಂದೊಂದು ಒಂದೊಂದು ಕಡೆ ತಿರುಗಿಕೊಳ್ಳುತ್ತಿದ್ದವು. ರೀಲಿನ ಹಿಡಿ ತಿರುಗಿಸಿದರೆ ಕಾಫಿ ಬೀಜ ಹುರಿದಂತೆ ಸದ್ದು. ಜೊತೆಗೆ ಬಂದ ದಾರ ಸುರುಳಿ ಬಿಚ್ಚದ ಸ್ಪ್ರಿಂಗಿನಂತಿತ್ತು. ಕೊನೆಗೆ ಅರ್ಧ ಕಿಲೋದ ಒಂದು ತೇಡೆಯನ್ನು, ಅಂದರೆ ಕಡಲಿನ ಮೀಸೆ ಮೀನನ್ನು, ನೇರ ಮೇಲಕ್ಕೆ ಎತ್ತುವಾಗ ತುದಿ ಪಟ್ ಅಂತ ಮುರಿಯಿತು. ತಪ್ಪು ನನ್ನದೂ ಇತ್ತು, ಅಷ್ಟು ತೂಕವನ್ನು ರಾಡಿನ ತುದಿಯಿಂದ ಎತ್ತಬಾರದು. ದಾರ ಹಿಡಿದು ಕೈಯಲ್ಲಿ ಎಳೆಯಬೇಕು, ಇಲ್ಲವೇ ಉದ್ದ ಹಿಡಿಯ ಬಲೆ ಬೇಕು. ಆದರೂ ಆ ರಾಡನ್ನು ಯಾರಿಗೂ ಶಿಫಾರಸು ಮಾಡಲಾರೆ. ಅದೇ ದುಡ್ಡಿಗೆ ಹತ್ತು ಕೈಗಾಳ ಬರುತ್ತದೆ.

ಎರಡು ತುಂಡಿನ ರಾಡ್ ತಗೊಳ್ಳುವಾಗ ಸ್ವಲ್ಪ ವಿಚಾರಿಸಿದೆ. ಒಂಬತ್ತು ಅಡಿ, 15ರಿಂದ 40 ಗ್ರಾಂ ತೂಕ ಎಸೆಯಲು ಮಾಡಿದ್ದು. ಜೊತೆಗೆ ನಡುಗಾತ್ರದ ರೀಲ್, ಸೈಜು 4000. ಎರಡೂ ಸೇರಿ 4,700. ಹೆಂಡತಿಗೆ ಹೇಳಿದ್ದು ಬೇರೆ ಸಂಖ್ಯೆ. ಇದು ಬ್ರೇಕ್‌ವಾಟರಿಗೆ ಹೇಳಿ ಮಾಡಿಸಿದ ಹಾಗಿದೆ. ಉದ್ದ ಇರುವುದರಿಂದ ದಾರ ಬಂಡೆಗಳಿಗೆ ತಾಗದೆ ಮೇಲಿನಿಂದ ಬರುತ್ತದೆ. ಬೇಗ ಬೇಗ ಸುತ್ತಿದರೆ ಸೀಸ ನೀರಿನ ಮೇಲಕ್ಕೆ ಏಳುತ್ತದೆ, ಸಂದಿಗೆ ಬೀಳುವುದಿಲ್ಲ. ಸೀಸವನ್ನು ಮುಖ್ಯ ದಾರಕ್ಕಿಂತ ತೆಳ್ಳಗಿನ ಬೇರೆ ದಾರದಲ್ಲಿ ಕಟ್ಟುವುದನ್ನೂ ಅಲ್ಲೇ ಕಲಿತೆ. ಸಿಕ್ಕಿಕೊಂಡರೆ ಸೀಸ ಮಾತ್ರ ಹೋಗುತ್ತದೆ, ಗಾಳ ಮತ್ತು ಮೀನು ಉಳಿಯುತ್ತವೆ. ಈಗ ಸೀಸದ ಬದಲು ಗುಜರಿಯ ಹಳೆಯ ನಟ್ಟು ಕಟ್ಟುತ್ತೇನೆ.

ರೀಲಿನ ಡ್ರ್ಯಾಗ್ ಏನು ಅಂತ ತಿಳಿದದ್ದು ಮಾತ್ರ ಒಂದು ಮೀನು ಕಳೆದುಕೊಂಡ ಮೇಲೆ. ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ದಾರ ಹರಿಯದೆ ತಾನೇ ಬಿಟ್ಟುಕೊಡುವ ಬ್ರೇಕು. ನಾನು ಅದನ್ನು ಪೂರ್ತಿ ಬಿಗಿ ಮಾಡಿ ಇಟ್ಟಿದ್ದೆ. ಡಿಸೆಂಬರಿನ ಒಂದು ಮುಂಜಾನೆ ಏನೋ ಹಿಡಿಯಿತು. ರಾಡ್ ಬಿಲ್ಲಾಯಿತು, ಎದೆ ಢವಢವ, ಮರುಕ್ಷಣ ದಾರ ಸಡಿಲ. ಗಂಟಿನ ಬಳಿಯೇ ಹರಿದಿತ್ತು. ದಾರ ತಡೆಯುವ ತೂಕದ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಬಿಡುವ ಹಾಗೆ ಇಡಬೇಕಂತೆ. ಒಂಬತ್ತು ಕಿಲೋ ದಾರ ಆದರೆ ಎರಡೂವರೆ ಮೂರು ಕಿಲೋ. ಮನೆಯಲ್ಲಿ ತೂಗುವ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದು ನೋಡಿದರೆ ಸರಿಯಾಗಿ ಗೊತ್ತಾಗುತ್ತದೆ.

ಇದೇ ರಾಡನ್ನು ಧಕ್ಕೆಗೆ ಒಯ್ದರೆ ಅಷ್ಟಕ್ಕಷ್ಟೇ. ಜನ ಹತ್ತಿರ ಹತ್ತಿರ ಕೂತಿರುತ್ತಾರೆ, ಒಂಬತ್ತು ಅಡಿ ಬೀಸಲು ಜಾಗ ಇಲ್ಲ. ಕಂಬದ ಬುಡಕ್ಕೆ ಇಳಿಸಲು ಅಷ್ಟು ಉದ್ದದ ಕೋಲು ಯಾಕೆ ಬೇಕು? ಅಲ್ಲಿ ಈಗಲೂ ನನ್ನ ಕೈಯಲ್ಲಿ ಬಾಟಲಿಯೇ.

ದಾರದ ವಿಷಯ ಬೇಗ ಮುಗಿಸುತ್ತೇನೆ. ಹೆಣೆದ ದಾರ ತೆಳ್ಳಗಿದ್ದು ದೂರ ಹೋಗುತ್ತದೆ, ಆದರೆ ಬಂಡೆಗೆ ಉಜ್ಜಿದರೆ ಕತ್ತರಿಸಿ ಹೋಗುತ್ತದೆ. ಸಾದಾ ನೈಲಾನ್ ದಾರ ಹಿಗ್ಗುತ್ತದೆ, ಉಜ್ಜಿದರೂ ಸ್ವಲ್ಪ ತಡೆಯುತ್ತದೆ. ಹೊಸಬರಿಗೆ ನೈಲಾನೇ ಇರಲಿ, ಸಿಕ್ಕು ಬಿಡಿಸುವುದೂ ಸುಲಭ.

ಎರೆಯಲ್ಲಿ ಮಾತ್ರ ನಿಜವಾದ ಪೈಪೋಟಿ ಇತ್ತು. ಸಿಗಡಿ, ಬೂತಾಯಿ ತುಂಡು, ಪ್ಲಾಸ್ಟಿಕ್ ಮೀನು. ಪ್ಲಾಸ್ಟಿಕ್ ಮೀನು ನಾಲ್ಕು ತಿಂಗಳಲ್ಲಿ ಹಿಡಿದದ್ದು ಒಂದು ಗೋಣಿಚೀಲ, ಒಂದು ಹವಾಯಿ ಚಪ್ಪಲಿ. ಎಸೆದು ಎಳೆಯುವ ಕೈಚಳಕ ಇರುವವರಿಗೆ ಅದು ಕೆಲಸ ಮಾಡುತ್ತದೆ, ನನ್ನ ಪಕ್ಕದಲ್ಲೇ ನಿಂತು ಹಿಡಿದವರನ್ನು ನೋಡಿದ್ದೇನೆ. ನನಗೆ ಒಲಿಯಲಿಲ್ಲ. ಬೂತಾಯಿ ಎಣ್ಣೆ ಮೀನು, ವಾಸನೆ ಜೋರು, ಅಗ್ಗ. ಆದರೆ ಮೆತ್ತಗೆ, ಎಸೆಯುವಾಗಲೇ ಗಾಳದಿಂದ ಕಳಚಿ ಹೋಗುತ್ತದೆ. ಮೇಲೊಂದಿಷ್ಟು ಹೊಲಿಗೆ ದಾರ ಸುತ್ತಿದರೆ ನಿಲ್ಲುತ್ತದೆ. ಅದರ ವಾಸನೆಗೆ ಮೊದಲು ಬರುವುದು ತೇಡೆ. ಸಿಗಡಿ ದುಬಾರಿ, ಆದರೆ ಧಕ್ಕೆಯಲ್ಲಿ ಎಲ್ಲ ಮೀನಿಗೂ ಇಷ್ಟ. ಸಿಪ್ಪೆ ತೆಗೆದು ಸಣ್ಣ ತುಂಡು ಮಾಡಿ ಚಿಕ್ಕ ಗಾಳಕ್ಕೆ ಹಾಕಿದರೆ ಕಾಣೆಗೆ ಸರಿ, ಅದರ ಬಾಯಿ ಸಣ್ಣದು. ಬೆಳಿಗ್ಗೆ ಮೀನು ಮಾರುವ ಅಮ್ಮನ ಹತ್ತಿರ ಸಾರಿಗೆ ಅಂತ ತಗೊಂಡ ಸಿಗಡಿಯಲ್ಲೇ ನಾಲ್ಕು ಎತ್ತಿಟ್ಟುಕೊಳ್ಳುತ್ತೇನೆ. ಗಾಳದ ನಂಬರಿನಲ್ಲಿ ಮೋಸ ಹೋಗಬೇಡಿ. 8ನೇ ನಂಬರು 4ಕ್ಕಿಂತ ಚಿಕ್ಕದು. 1/0 ಬಂದ ಮೇಲೆ ಲೆಕ್ಕ ತಿರುಗಿ, ಅಂಕಿ ಹೆಚ್ಚಾದಷ್ಟೂ ಗಾಳ ದೊಡ್ಡದು.

ಸಾಮಾನಿಗಿಂತ ಹೊತ್ತು ಮುಖ್ಯ ಅನ್ನುವುದು ನನ್ನ ಡೈರಿ ನೋಡಿದಾಗ ತಿಳಿಯಿತು. ಧಕ್ಕೆಯಲ್ಲಿ ನನಗೆ ಸಿಕ್ಕಿದ್ದರಲ್ಲಿ ಹೆಚ್ಚಿನವು ನೀರು ಏರುತ್ತಿದ್ದ ಕೊನೆಯ ಎರಡು ಗಂಟೆಯಲ್ಲಿ. ಉಬ್ಬರ ದಿನಾ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹಾಗಾಗಿ ಪ್ರತಿ ಭಾನುವಾರ ಐದಕ್ಕೇ ಹೋಗುತ್ತೇನೆ ಅಂದರೆ ನಡೆಯುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಸೆಳೆತ ಎಷ್ಟಿರುತ್ತದೆ ಅಂದರೆ ಅಳಿವೆಯಲ್ಲಿ 30 ಗ್ರಾಂ ಸೀಸ ನಿಲ್ಲುವುದೇ ಇಲ್ಲ.

ಎರಡು ಮೀನಿನ ಬಗ್ಗೆ ಎಚ್ಚರ ಇರಲಿ. ತೇಡೆಯ ಬೆನ್ನಲ್ಲಿ ಒಂದು, ಎರಡು ಪಕ್ಕಕ್ಕೆ ಒಂದೊಂದು ವಿಷದ ಮುಳ್ಳು. ನನಗೆ ಹೆಬ್ಬೆರಳಿಗೆ ಚುಚ್ಚಿತು. ಕೈ ಮೊಣಕೈವರೆಗೆ ಸಿಡಿಯುತ್ತಿತ್ತು. ತಡೆಯುವಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆ ಅದ್ದಿಟ್ಟ ಮೇಲೆ ನೋವು ಇಳಿಯಿತು, ಆಮೇಲೆ ಡಾಕ್ಟರ ಹತ್ತಿರ ಹೋದೆ. ಈಗ ಇಕ್ಕಳ ಇಲ್ಲದೆ ಅದನ್ನು ಮುಟ್ಟುವುದಿಲ್ಲ. ಇನ್ನೊಂದು, ಮೇಲೆ ಬಂದ ಕೂಡಲೇ ಹೊಟ್ಟೆ ಚೆಂಡಿನ ಹಾಗೆ ಊದಿಸಿಕೊಳ್ಳುವ ಮೀನು. ಮಕ್ಕಳಿಗೆ ಆಟ, ಆದರೆ ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ. ವಾಪಸ್ ನೀರಿಗೆ ಬಿಡಿ.

ಕೋಡಿಯ ಬಂಡೆಗಳ ಮೇಲೆ ಒದ್ದೆಯಾಗಿ ಹಸಿರು ಕಾಣುವ ಕಡೆ ಕಾಲಿಡಬೇಡಿ. ಒಬ್ಬರೇ ಹೋಗುವುದೂ ಬೇಡ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ಗಾಳಕ್ಕೆ ಆ ನಿಯಮ ಹಾಕಿಲ್ಲದಿದ್ದರೂ ಆ ಮಳೆಗಾಲದ ಅಲೆ ನೋಡಿದವರು ಬ್ರೇಕ್‌ವಾಟರಿನ ಹತ್ತಿರ ಸುಳಿಯುವುದಿಲ್ಲ. ಆ ಎರಡು ತಿಂಗಳು ನಾನು ರೀಲ್ ಬಿಚ್ಚಿ ಎಣ್ಣೆ ಹಾಕುತ್ತೇನೆ. ಉಳಿದ ದಿನ ಮನೆಗೆ ಬಂದ ಕೂಡಲೇ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸುತ್ತೇನೆ. ಒಂದು ದಿನ ಸೋಮಾರಿತನ ಮಾಡಿದರೆ ಉಪ್ಪು ತನ್ನ ಕೆಲಸ ಮಾಡಿಬಿಡುತ್ತದೆ.

ಕೊಳ್ಳುವ ಕ್ರಮ ಕೇಳಿದ ಗೆಳೆಯನಿಗೆ ನಾನು ಹೇಳಿದ್ದು ಇಷ್ಟೇ. ಎರಡು ತಿಂಗಳು ಕೈಗಾಳ ಹಿಡಿದು ಧಕ್ಕೆಯಲ್ಲಿ ಕೂತ್ಕೋ. ಆಸೆ ಉಳಿದಿದ್ದರೆ ಎರಡು ತುಂಡಿನ ರಾಡ್ ತಗೊಂಡು ಬ್ರೇಕ್‌ವಾಟರಿಗೆ ಬಾ. ನಡುವಿನದ್ದನ್ನು ಬಿಟ್ಟುಬಿಡು, ಬೇಕಾದರೆ ನನ್ನ ಮುರಿದದ್ದನ್ನೇ ಕೊಡುತ್ತೇನೆ ಅಂದೆ. ತಗೊಂಡು ಹೋದ. ತುದಿಗೆ ಕೊಕ್ಕೆ ಕಟ್ಟಿ ಹಿತ್ತಲಿನ ಮಾವಿನಕಾಯಿ ಕೀಳುತ್ತಾನಂತೆ. ಉಪ್ಪಿನಕಾಯಿಯ ಒಂದು ಬಾಟಲಿ ನಮ್ಮ ಮನೆಗೂ ಬಂದಿದೆ.