ಒಂದೇ ಮಡಿಯಲ್ಲಿ ಐದು ಪೊದೆ ಗುಲಾಬಿ: ನಾಲ್ಕು ವರ್ಷ ಬೆಳೆಸಿ ನೋಡಿದ ಹೋಲಿಕೆ

ನಾಲ್ಕು ವರ್ಷದ ಹಿಂದೆ ಮನೆ ಹಿಂದಿನ ಖಾಲಿ ಜಾಗದಲ್ಲಿ ಉದ್ದಕ್ಕೆ ಒಂದು ಮಡಿ ಮಾಡಿದೆ. ಅದರಲ್ಲಿ ಐದು ಪೊದೆ ಗುಲಾಬಿ ನೆಟ್ಟೆ: ಗ್ರಹಾಂ ಥಾಮಸ್, ನಾಕ್ ಔಟ್, ಬೋನಿಕಾ, ಬಫ್ ಬ್ಯೂಟಿ, ಬ್ಲಾಂಕ್ ಡೂಬ್ಲ್ ದ ಕೂಬೇರ್. ಐದಕ್ಕೂ ಒಂದೇ ಮಣ್ಣು, ಒಂದೇ ನೀರು, ಒಂದೇ ಎರೆಗೊಬ್ಬರ. ದಿನಕ್ಕೆ ಆರು ಗಂಟೆ ಬಿಸಿಲು. ಔಷಧಿ ಮಾತ್ರ ಯಾವುದಕ್ಕೂ ಹೊಡೆಯಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಔಷಧಿ ಹೊಡೆದರೆ ಯಾವ ಗಿಡ ತನ್ನ ಬಲದಿಂದ ನಿಂತಿದೆ, ಯಾವುದು ಬಾಟಲಿಯ ಬಲದಿಂದ ನಿಂತಿದೆ ಅಂತ ಗೊತ್ತೇ ಆಗುವುದಿಲ್ಲ.

ಇನ್ನೊಂದು ಕೆಲಸವನ್ನೂ ತಪ್ಪದೆ ಮಾಡಿದೆ. ತಿಂಗಳ ಮೊದಲ ಭಾನುವಾರ ಐದೂ ಗಿಡದ ಫೋಟೋ ತೆಗೆದಿಟ್ಟೆ. ಹೂ ಇರಲಿ, ಬಿಡಲಿ. ಈಗ ಆ ಫೋಟೋಗಳನ್ನು ಸಾಲಾಗಿ ಹಾಕಿ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಅರ್ಧಕ್ಕಿಂತ ಜಾಸ್ತಿ ಫೋಟೋಗಳಲ್ಲಿ ಹೂವೇ ಇಲ್ಲ. ಒಂದು ಸುತ್ತು ಹೂ ಬಿಟ್ಟ ಮೇಲೆ ಮುಂದಿನ ಸುತ್ತಿಗೆ ಹೆಚ್ಚಿನವಕ್ಕೆ ಆರೇಳು ವಾರ ಬೇಕು. ಅಷ್ಟೂ ದಿನ ನಾವು ನೋಡುವುದು ಎಲೆ, ಕೊಂಬೆ ಮತ್ತು ಗಿಡದ ಆಕಾರವನ್ನು. ಆದರೆ ಗಿಡ ಕೊಳ್ಳುವಾಗ ನೋಡುವುದು ಹೂವಿನ ಒಂದು ಫೋಟೋ, ಅಲ್ವಾ? ಅದಕ್ಕೇ ಈ ಹೋಲಿಕೆಯಲ್ಲಿ ಹೂವಿಗಿಂತ ಗಿಡಕ್ಕೆ ಜಾಸ್ತಿ ಅಂಕ ಕೊಟ್ಟಿದ್ದೇನೆ.

ಪೊದೆ ಗುಲಾಬಿ ಎಂಬುದು ದೊಡ್ಡ ಬುಟ್ಟಿ. 1867ರ ಲಾ ಫ್ರಾನ್ಸ್ ತಳಿಯಿಂದ ಆಧುನಿಕ ಗುಲಾಬಿಗಳ ಕಾಲ ಶುರುವಾಯಿತು ಅಂತ ಲೆಕ್ಕ ಹಾಕುತ್ತಾರೆ. ಅಲ್ಲಿಂದೀಚೆಗೆ ಬಂದ ಗಿಡಗಳಲ್ಲಿ ಹೈಬ್ರಿಡ್ ಟೀ, ಫ್ಲೋರಿಬಂಡಾ, ಬಳ್ಳಿ ಗುಲಾಬಿ ಅಂತ ಬೇರೆ ಬೇರೆ ಗುಂಪಿಗೆ ಹೋದವುಗಳನ್ನು ಬಿಟ್ಟು, ಪೊದೆಯಾಗಿ ಹರಡಿ ಬೆಳೆಯುವವು ಬಹುಪಾಲು ಈ ಬುಟ್ಟಿಗೆ ಬೀಳುತ್ತವೆ. ಹಾಗಾಗಿ ಒಂದಕ್ಕೂ ಇನ್ನೊಂದಕ್ಕೂ ಹೋಲಿಕೆಯೇ ಇರುವುದಿಲ್ಲ. ನನ್ನ ಐದು ಗಿಡಗಳನ್ನೂ ಐದು ಬೇರೆ ಮನೆತನದಿಂದ ಬೇಕಂತಲೇ ಆರಿಸಿದ್ದೆ.

ಮೊದಲ ಮಳೆಗಾಲದಲ್ಲೇ ಪರೀಕ್ಷೆ ಬಂತು. ಕಪ್ಪು ಚುಕ್ಕೆ ರೋಗದ ಶಿಲೀಂಧ್ರಕ್ಕೆ ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿದ್ದರೆ ಸಾಕು, ಒಳಗೆ ಇಳಿಯುತ್ತದೆ. ಸಂಜೆ ಶುರುವಾದ ಜಡಿಮಳೆ ಬೆಳಗಿನವರೆಗೆ ಸುರಿದರೆ ಅದಕ್ಕೆ ಬೇಕಾದಷ್ಟು ಹೊತ್ತು ಸಿಕ್ಕ ಹಾಗೆ. ಹತ್ತು ಹದಿನೈದು ದಿನಕ್ಕೆ ಗ್ರಹಾಂ ಥಾಮಸ್‌ನ ಕೆಳಗಿನ ಎಲೆಗಳ ಮೇಲೆ ಚುಕ್ಕೆ ಕಂಡವು. ಹತ್ತಿರ ಹಿಡಿದು ನೋಡಿದರೆ ಚುಕ್ಕೆಯ ಅಂಚು ನುಣ್ಣಗಿರಲಿಲ್ಲ, ಬಟ್ಟೆ ಮೇಲೆ ಬಿದ್ದ ಶಾಯಿಯ ಹಾಗೆ ಸುತ್ತಲೂ ಹರಡಿತ್ತು. ಅದರ ಸುತ್ತ ಹಳದಿ. ಬೆರಳು ತಾಗಿದರೆ ಎಲೆ ತೊಟ್ಟಿನ ಸಮೇತ ಕಳಚಿ ಕೈಗೆ ಬರುತ್ತಿತ್ತು. ಒಂದು ತಿಂಗಳಿಗೆ ಮೊಣಕಾಲಿನ ಎತ್ತರದವರೆಗೆ ಗಿಡ ಬೋಳಾಯಿತು.

ಪಕ್ಕದ ನಾಕ್ ಔಟ್‌ನಲ್ಲಿ ಹುಡುಕಿದರೂ ಒಂದು ಚುಕ್ಕೆ ಇಲ್ಲ. ಇದು ಸುಮ್ನೆ ಬಂದ ಗುಣ ಅಲ್ಲ. ಈ ತಳಿಯನ್ನು ಬೆಳೆಸಿದ ಅಮೆರಿಕದ ವಿಲಿಯಂ ರಾಡ್ಲರ್ ರೋಗ ಹಿಡಿದ ಎಲೆಗಳನ್ನು ಆರಿಸಿ, ಒಣಗಿಸಿ, ಪುಡಿ ಮಾಡಿ, ತಮ್ಮ ಎಳೆ ಸಸಿಗಳ ಮೇಲೆ ಉದುರಿಸುತ್ತಿದ್ದರು. ಉಳಿದದ್ದು ಉಳಿಯಿತು, ಸತ್ತದ್ದು ಸತ್ತಿತು. 2000ದಲ್ಲಿ ಮಾರುಕಟ್ಟೆಗೆ ಬಂದ ನಾಕ್ ಔಟ್ ಹಾಗೆ ಉಳಿದುಕೊಂಡ ಗಿಡ. ಅದರ ವಂಶದಲ್ಲಿ ಕೇರ್‌ಫ್ರೀ ಬ್ಯೂಟಿ ಇದೆ. ಅಯೋವಾದ ಗ್ರಿಫಿತ್ ಬಕ್ 1977ರಲ್ಲಿ ಹೊರತಂದ ಗಟ್ಟಿಮುಟ್ಟಾದ ತಳಿ ಅದು. ಆದರೆ ರೋಗವೇ ಬಾರದ ಗಿಡ ಅಂತ ನಾಕ್ ಔಟನ್ನು ಕರೆಯುವುದು ತಪ್ಪು. ರೋಸ್ ರೋಸೆಟ್ ಎಂಬ ವೈರಸ್ ರೋಗ ಇದನ್ನೂ ಬಿಡುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಅದನ್ನು ಹರಡುತ್ತದೆ. ಉತ್ತರ ಅಮೆರಿಕದಲ್ಲಿ ಸಾಲು ಸಾಲಾಗಿ ನೆಟ್ಟ ಎಷ್ಟೋ ನಾಕ್ ಔಟ್ ಗಿಡಗಳನ್ನು ಈ ರೋಗದಿಂದ ಬೇರುಸಹಿತ ಕೀಳಬೇಕಾಯಿತು.

ಎಲೆಯ ವಿಷಯದಲ್ಲಿ ನನ್ನ ಮಡಿಯ ಲೆಕ್ಕ ಹೀಗಿದೆ. ನಾಕ್ ಔಟ್ ಮೊದಲು. ಅದರ ಬೆನ್ನಿಗೇ ಬೋನಿಕಾ: ಚುಕ್ಕೆ ಬರುತ್ತದೆ, ಆದರೆ ನಾಲ್ಕು ಎಲೆ ಬಿದ್ದರೆ ಎಂಟು ಚಿಗುರುತ್ತದೆ. ಬಫ್ ಬ್ಯೂಟಿಗೆ ಕಪ್ಪು ಚುಕ್ಕೆ ಕಮ್ಮಿ. ಹಗಲು ಬಿಸಿ, ರಾತ್ರಿ ತಂಪು ಇರುವ ದಿನಗಳಲ್ಲಿ ಮೊಗ್ಗಿನ ಕತ್ತಿನ ಹತ್ತಿರ ಬೂದಿ ರೋಗ ಕೂರುತ್ತದೆ. ಗ್ರಹಾಂ ಥಾಮಸ್ ಕೊನೆಗೆ.

ಬ್ಲಾಂಕ್ ಡೂಬ್ಲ್ ದ ಕೂಬೇರ್ ಈ ಸಾಲಿಗೆ ಸೇರುವುದೇ ಇಲ್ಲ. ಅದು ರುಗೋಸಾ ಜಾತಿಯದು, 1892ರ ಫ್ರೆಂಚ್ ತಳಿ. ಎಲೆ ಸುಕ್ಕು ಸುಕ್ಕು, ದಪ್ಪ, ಮುಟ್ಟಿದರೆ ಒರಟು. ಚುಕ್ಕೆ ಅದರ ಹತ್ತಿರ ಸುಳಿಯಲಿಲ್ಲ. ಔಷಧಿ ಹೊಡೆದರೇ ರುಗೋಸಾ ಎಲೆ ಸುಡುತ್ತದೆ, ಆದ್ದರಿಂದ ನನ್ನಂಥವರಿಗೆ ಹೇಳಿ ಮಾಡಿಸಿದ ಗಿಡ ಅಂದುಕೊಂಡಿದ್ದೆ. ಎರಡನೇ ವರ್ಷ ಎಲೆಗಳು ಹಳದಿಗೆ ತಿರುಗಿದವು. ನರ ಮಾತ್ರ ಹಸಿರು, ನಡುವೆ ಪೂರ್ತಿ ನಿಂಬೆ ಬಣ್ಣ. ಮಣ್ಣು ಪರೀಕ್ಷೆ ಮಾಡಿದರೆ ಪಿಎಚ್ 7.5ರ ಹತ್ತಿರ. ಗುಲಾಬಿಗೆ 6ರಿಂದ 6.5 ಹಿತ. ಉಳಿದ ನಾಲ್ಕು ಗಿಡ ಸಹಿಸಿಕೊಂಡವು, ರುಗೋಸಾಕ್ಕೆ ಆಗಲಿಲ್ಲ. ಸುಣ್ಣದ ಅಂಶ ಇರುವ ಮಣ್ಣಿನಲ್ಲಿ ಅದಕ್ಕೆ ಕಬ್ಬಿಣ ಸಿಗುವುದಿಲ್ಲ. ತಪ್ಪು ಗಿಡದ್ದಲ್ಲ. ನೆಡುವ ಮುಂಚೆ ಮಣ್ಣು ನೋಡದೇ ಇದ್ದದ್ದು ನಾನು. ನೀವು ಮೊದಲು ನೋಡಿ, ಹತ್ತು ನಿಮಿಷದ ಕೆಲಸ.

ಇನ್ನು ಪರಿಮಳ. ಇಲ್ಲಿ ಪಟ್ಟಿ ತಲೆಕೆಳಗಾಗುತ್ತದೆ. ನಾಕ್ ಔಟ್ ಹೂವಿಗೆ ಮೂಗು ಅಂಟಿಸಿದರೂ ಏನೂ ಸಿಗುವುದಿಲ್ಲ ಅಂದರೆ ತಪ್ಪಾಗದು. ಬೋನಿಕಾದಲ್ಲಿ ಇದ್ದೂ ಇಲ್ಲದ ಹಾಗೆ. ಗ್ರಹಾಂ ಥಾಮಸ್ ಹೂವಿನೊಳಗೆ ಚಹಾ ಎಲೆಯ ಡಬ್ಬಿ ತೆರೆದಾಗಿನ ವಾಸನೆ ಇದೆ, ಮೆಲುವಾಗಿ. ಬ್ಲಾಂಕ್ ಡೂಬ್ಲ್‌ನದು ಗಾಢ, ಲವಂಗದ ಎಳೆ ಇರುವ ಪರಿಮಳ. ಆದರೆ ಅದರ ಬಿಳಿ ಎಸಳು ಒಂದು ಜೋರು ಮಳೆಗೆ ಒದ್ದೆ ಕಾಗದದ ಹಾಗೆ ಮುದ್ದೆಯಾಗುತ್ತದೆ.

ಬಫ್ ಬ್ಯೂಟಿಯದೇ ಬೇರೆ ರೀತಿ. ಅದರ ಹೂವನ್ನು ಮೂಸುವ ಅಗತ್ಯ ಇಲ್ಲ. ಬೆಳಿಗ್ಗೆ ಹಿತ್ತಿಲ ಬಾಗಿಲು ತೆಗೆದರೆ ಪರಿಮಳ ತಾನಾಗಿ ಬಂದು ಮುಟ್ಟುತ್ತದೆ. ಇದು ಹೈಬ್ರಿಡ್ ಮಸ್ಕ್ ಮನೆತನದ ಗುಣ. ಇಂಗ್ಲೆಂಡಿನ ಪಾದ್ರಿ ಜೋಸೆಫ್ ಪೆಂಬರ್ಟನ್ 20ನೇ ಶತಮಾನದ ಮೊದಲ ದಶಕಗಳಲ್ಲಿ ಈ ಗುಂಪನ್ನು ಕಟ್ಟಿದರು. 1926ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಕೆಲಸ ಮುಂದುವರಿಸಿದ ಬೆಂಟಾಲ್ ಕುಟುಂಬದಿಂದ 1939ರಲ್ಲಿ ಬಫ್ ಬ್ಯೂಟಿ ಬಂತು. ಚಿಗುರು ಕಂದುಗೆಂಪು. ಹೂ ಅರಳುವಾಗ ಜೇನಿನ ಬಣ್ಣ, ಬಿಸಿಲು ಬಿದ್ದಂತೆ ಕೆನೆಬಣ್ಣಕ್ಕೆ ಇಳಿಯುತ್ತದೆ. ಒಂದೇ ಗೊಂಚಲಿನಲ್ಲಿ ಮೂರು ದಿನದ ಮೂರು ಬಣ್ಣ ಒಟ್ಟಿಗೆ ಇರುತ್ತವೆ. ಕೊಂಬೆಗಳು ನೆಟ್ಟಗೆ ನಿಲ್ಲದೆ ಬಾಗಿ ಇಳಿಯುವುದರಿಂದ ಹೂ ಇಲ್ಲದ ದಿನವೂ ಗಿಡ ನೋಡಲು ಚೆಂದ. ನನ್ನ ಭಾನುವಾರದ ಫೋಟೋಗಳಲ್ಲಿ ಒಂದೇ ಒಂದು ತಿಂಗಳೂ ಬರಿದಾಗಿ ಕಾಣದ ಗಿಡ ಇದು. ಸ್ವಲ್ಪ ನೆರಳನ್ನೂ ತಡೆಯುತ್ತದೆ. ಹಾಂ, ಜಾಗ ಬೇಕು. ಒಂದೂವರೆ ಮೀಟರ್ ಅಗಲಕ್ಕೆ ಕೈ ಚಾಚುತ್ತದೆ.

ಗ್ರಹಾಂ ಥಾಮಸ್ ಬಗ್ಗೆ ಇಷ್ಟು ಹೊತ್ತು ದೂರಿದ್ದೇ ಆಯಿತು. ಆದರೂ ಅದನ್ನು ಕಿತ್ತು ಹಾಕಲಿಲ್ಲ. ಇಂಗ್ಲೆಂಡಿನ ಗುಲಾಬಿ ತಳಿಗಾರ ಡೇವಿಡ್ ಆಸ್ಟಿನ್ 1961ರಲ್ಲಿ ಕಾನ್‌ಸ್ಟನ್ಸ್ ಸ್ಪ್ರೈ ಎಂಬ ತಳಿ ಹೊರತಂದು ಇಂಗ್ಲಿಷ್ ಗುಲಾಬಿಗಳ ದಾರಿ ತೆರೆದರು. ಆ ಗಿಡ ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತಿತ್ತು. ಹಳೆ ಗುಲಾಬಿಯ ಬಟ್ಟಲಿನಾಕಾರವೂ ಇರಬೇಕು, ಮತ್ತೆ ಮತ್ತೆ ಹೂವೂ ಬಿಡಬೇಕು, ಜೊತೆಗೆ ಅಪ್ಪಟ ಹಳದಿ ಬೇಕು ಎಂಬ ಆಸೆ ಕೈಗೂಡಿದ್ದು 1983ರಲ್ಲಿ ಬಂದ ಗ್ರಹಾಂ ಥಾಮಸ್‌ನಲ್ಲಿ. ಹಳೆ ಗುಲಾಬಿ ತಳಿಗಳನ್ನು ಹುಡುಕಿ ಉಳಿಸಿದ ತೋಟಗಾರನ ಹೆಸರು ಅದಕ್ಕೆ ಇಟ್ಟರು. ಅಂಥ ಹಳದಿಯನ್ನು ನಾನು ಬೇರೆ ಯಾವ ಗುಲಾಬಿಯಲ್ಲೂ ನೋಡಿಲ್ಲ.

ಅದರ ಸಮಸ್ಯೆ ರೋಗ ಮಾತ್ರ ಅಲ್ಲ. ಬೆಚ್ಚಗಿನ ಜಾಗದಲ್ಲಿ ಅದು ಪೊದೆಯಾಗಿ ಇರುವುದೇ ಇಲ್ಲ. ಎರಡನೇ ವರ್ಷ ಬುಡದಿಂದ ಎದ್ದ ನಾಲ್ಕು ಕೊಂಬೆ ನನ್ನ ತಲೆ ಮೀರಿ ಹೋದವು. ಹೂ ಎಲ್ಲಾ ತುದಿಯಲ್ಲಿ, ಕೆಳಗೆ ಬೋಳು ಕಡ್ಡಿ. ಮೊದಲು ಅರ್ಧಕ್ಕೆ ಕತ್ತರಿಸಿದೆ. ಅದು ಸಿಟ್ಟು ಬಂದ ಹಾಗೆ ಇನ್ನೂ ಉದ್ದ ಬೆಳೆಯಿತು. ಆಮೇಲೆ ಕತ್ತರಿ ಬದಿಗಿಟ್ಟು ಕೊಂಬೆಗಳನ್ನು ಬಗ್ಗಿಸಿದೆ. ಒಂದೇ ದಿನ ಪೂರ್ತಿ ಬಗ್ಗಿಸಿದರೆ ಬುಡದಲ್ಲಿ ಸೀಳುತ್ತದೆ. ಆದ್ದರಿಂದ ನೀರು ಹಾಕಿದ ಮಾರನೆ ದಿನ ಸ್ವಲ್ಪ, ನಾಲ್ಕು ದಿನ ಬಿಟ್ಟು ಇನ್ನು ಸ್ವಲ್ಪ. ಕೊನೆಗೆ ನಾಲ್ಕನ್ನೂ ನಾಲ್ಕು ದಿಕ್ಕಿಗೆ ಬಿಲ್ಲಿನಂತೆ ಬಗ್ಗಿಸಿ, ತುದಿಗೆ ಬಟ್ಟೆ ಪಟ್ಟಿ ಸುತ್ತಿ, ನೆಲದಲ್ಲಿ ಹೊಡೆದ ಗೂಟಕ್ಕೆ ಕಟ್ಟಿದೆ. ಮೂರು ವಾರಕ್ಕೆ ಬಿಲ್ಲಿನ ಉದ್ದಕ್ಕೂ ಪ್ರತಿ ಗಿಣ್ಣಿನಲ್ಲಿ ಕೆಂಪು ಚಿಗುರು ಮೂತಿ ತೋರಿಸಿತು. ಕೊಂಬೆ ನೆಟ್ಟಗಿರುವಾಗ ತುದಿ ಮೊಗ್ಗು ಕೆಳಗಿನವನ್ನು ಏಳಲು ಬಿಡುವುದಿಲ್ಲ. ಅಡ್ಡ ಮಲಗಿಸಿದರೆ ಅದರ ಹಿಡಿತ ಸಡಿಲವಾಗುತ್ತದೆ. ತುದಿಗೆ ಐದಾರು ಹೂ ಕೊಡುತ್ತಿದ್ದ ಕೊಂಬೆ ಆ ವರ್ಷ ಉದ್ದಕ್ಕೂ ಹೂ ಹೊತ್ತಿತು. ಬೋಳು ಬುಡವನ್ನು ಆ ಚಿಗುರುಗಳೇ ಮುಚ್ಚಿದವು. ಮಳೆಗಾಲಕ್ಕೆ ಮುಂಚೆ ಬಿದ್ದ ಎಲೆಗಳನ್ನೆಲ್ಲ ಆರಿಸಿ ತೆಗೆಯುತ್ತೇನೆ, ಬುಡಕ್ಕೆ ಒಣಹುಲ್ಲು ಹೊದಿಸುತ್ತೇನೆ, ನೀರನ್ನು ಬೆಳಿಗ್ಗೆ ಬುಡಕ್ಕೆ ಮಾತ್ರ ಹಾಕುತ್ತೇನೆ. ಚುಕ್ಕೆ ಈಗಲೂ ಬರುತ್ತದೆ, ಗಿಡ ಬೋಳಾಗುವುದಿಲ್ಲ.

ಬೋನಿಕಾಕ್ಕೆ ಇಂಥ ಕಥೆ ಏನೂ ಇಲ್ಲ, ಅದೇ ಅದರ ಹೆಚ್ಚುಗಾರಿಕೆ. ಫ್ರಾನ್ಸಿನ ಮೇಲಾಂ ಮನೆತನದ ಈ ಗುಲಾಬಿ 1987ರಲ್ಲಿ ಅಮೆರಿಕದ ಆಲ್ ಅಮೆರಿಕ ಗುಲಾಬಿ ಪ್ರಶಸ್ತಿ ಪಡೆದ ಮೊದಲ ಪೊದೆ ಗುಲಾಬಿ. ಸೊಂಟದೆತ್ತರ, ಎಳೆ ಗುಲಾಬಿ ಬಣ್ಣದ ಸಣ್ಣ ಹೂಗಳ ಗೊಂಚಲು. ವರ್ಷಕ್ಕೊಮ್ಮೆ ಮೂರನೇ ಒಂದು ಭಾಗ ಸವರಿದರೆ ಮುಗಿಯಿತು. ಕೊನೆ ಸುತ್ತಿನ ಬಾಡಿದ ಹೂ ಕೀಳದೆ ಬಿಟ್ಟರೆ ಕಿತ್ತಳೆಗೆಂಪು ಕಾಯಿ ಕಟ್ಟುತ್ತದೆ. ಮೊದಲ ಸಲ ಗುಲಾಬಿ ಬೆಳೆಸುವವರು ಒಂದೇ ಗಿಡ ಹೇಳಿ ಅಂದರೆ ನಾನು ಯೋಚನೆ ಮಾಡದೆ ಬೋನಿಕಾ ಅನ್ನುತ್ತೇನೆ. ನಾಕ್ ಔಟ್ ಅನ್ನುವುದಿಲ್ಲ. ಎಲೆಯಲ್ಲಿ ಅದು ಮೇಲು, ಹೂವಿನ ಲೆಕ್ಕದಲ್ಲೂ ಅದೇ ಮುಂದೆ, ಬಾಡಿದ ಎಸಳನ್ನು ತಾನೇ ಉದುರಿಸಿಕೊಳ್ಳುತ್ತದೆ. ಆದರೆ ಪರಿಮಳ ಇಲ್ಲ, ಬಣ್ಣ ಬದಲಾಗುವುದಿಲ್ಲ, ಕಾದು ನೋಡಲು ಏನೂ ಇಲ್ಲ. ಅದನ್ನು ಗೇಟಿನ ಪಕ್ಕಕ್ಕೆ ಕಿತ್ತು ನೆಟ್ಟೆ. ಅಲ್ಲಿ ದೂರದಿಂದ ಕೆಂಪಾಗಿ ಕಾಣುತ್ತದೆ, ಆ ಜಾಗಕ್ಕೆ ಅದೇ ಸರಿ.

ಬೋನಿಕಾದಲ್ಲೇ ಇನ್ನೊಂದು ಹೋಲಿಕೆ ಮಾಡಿದೆ. ಮಡಿಯಲ್ಲಿದ್ದದ್ದು ಕಸಿ ಗಿಡ. ಅದರ ಹೂ ಮುಗಿದ ಒಂದು ರೆಂಬೆಯಿಂದ ಪೆನ್ಸಿಲ್ ದಪ್ಪದ, ನಾಲ್ಕು ಗಿಣ್ಣಿನ ಕಡ್ಡಿ ತೆಗೆದು ಬೇರು ಬರಿಸಿ ಪಕ್ಕದಲ್ಲಿ ನೆಟ್ಟೆ. ಮೊದಲ ವರ್ಷ ಕಸಿ ಗಿಡದ ಮುಂದೆ ಅದು ಮಗುವಿನ ಹಾಗಿತ್ತು. ಮೂರನೇ ವರ್ಷಕ್ಕೆ ಎರಡೂ ಸಮ. ಕಸಿ ಗಿಡಕ್ಕೆ ಶುರುವಿನಲ್ಲಿ ವೇಗ ಸಿಗುವುದು ಕೆಳಗಿನ ಕಾಡು ಗುಲಾಬಿಯ ಬೇರಿನಿಂದ. ಆದರೆ ಆ ಕಾಡು ಗುಲಾಬಿ ಸುಮ್ಮನಿರುವುದಿಲ್ಲ, ಕಸಿ ಗಂಟಿನ ಕೆಳಗಿಂದ ತನ್ನದೇ ಚಿಗುರು ಕಳಿಸುತ್ತದೆ. ಒಂದು ತೊಟ್ಟಿನಲ್ಲಿ ಏಳು ಎಲೆ ಇದ್ದರೆ ಕಾಡು, ಐದಿದ್ದರೆ ಕಸಿ ಅಂತ ತುಂಬಾ ಜನ ಹೇಳುತ್ತಾರೆ. ಪೊದೆ ಗುಲಾಬಿಗಳಲ್ಲಿ ಅದನ್ನು ನಂಬಬೇಡಿ. ಇವುಗಳಲ್ಲಿ ಹಲವಕ್ಕೆ ಏಳು ಎಲೆ ಸಹಜ. ನಾನು ಆ ಮಾತು ನಂಬಿ ಬಫ್ ಬ್ಯೂಟಿಯ ಒಳ್ಳೆ ಚಿಗುರೊಂದನ್ನು ಕಿತ್ತು ಹಾಕಿದೆ, ಈಗಲೂ ಬೇಜಾರಿದೆ. ಬುಡದ ಮಣ್ಣು ಸರಿಸಿ ಚಿಗುರು ಎಲ್ಲಿಂದ ಹೊರಟಿದೆ ಅಂತ ಕಣ್ಣಾರೆ ನೋಡಿ. ಗಂಟಿನ ಕೆಳಗಿದ್ದರೆ ಕತ್ತರಿಸಬೇಡಿ, ಕೈಯಲ್ಲಿ ಹಿಡಿದು ಸಿಗಿದು ತೆಗೆಯಿರಿ. ಕತ್ತರಿಸಿದರೆ ಅಲ್ಲೇ ಮತ್ತೆ ನಾಲ್ಕು ಏಳುತ್ತವೆ. ಸ್ವಂತ ಬೇರಿನ ಗಿಡದಲ್ಲಿ ಈ ರಗಳೆ ಇಲ್ಲ. ಮೇಲೆಲ್ಲಾ ಒಣಗಿದರೂ ಬುಡದಿಂದ ಬರುವುದು ಅದೇ ಗುಲಾಬಿ. ಇನ್ನು ಮುಂದೆ ಸಿಕ್ಕರೆ ಸ್ವಂತ ಬೇರಿನದೇ ಕೊಳ್ಳುವುದು ಅಂತ ನಿರ್ಧಾರ ಮಾಡಿದ್ದೇನೆ.

ರುಗೋಸಾವನ್ನು ಈ ವರ್ಷ ದೊಡ್ಡ ಕುಂಡಕ್ಕೆ ಬದಲಾಯಿಸಿದೆ, ಸ್ವಲ್ಪ ಹುಳಿ ಇರುವ ಮಣ್ಣು ತುಂಬಿಸಿ. ಹೊಸ ಎಲೆ ಹಸಿರಾಗಿ ಬರುತ್ತಿದೆ. ಅದು ಇದ್ದದ್ದು ಬಫ್ ಬ್ಯೂಟಿ ಮತ್ತು ಗ್ರಹಾಂ ಥಾಮಸ್ ನಡುವೆ. ಆ ಜಾಗಕ್ಕೆ ಏನು ತರಬೇಕು ಅಂತ ಬಹಳ ದಿನ ಯೋಚಿಸಬೇಕಾಗಲಿಲ್ಲ. ಪೆಂಬರ್ಟನ್ ಅವರ ರಾಬಿನ್ ಹುಡ್ ಎಂಬ ಹೈಬ್ರಿಡ್ ಮಸ್ಕ್‌ನಿಂದ ಜರ್ಮನಿಯ ತಳಿಗಾರ ಕೋರ್ಡೆಸ್ 1958ರಲ್ಲಿ ಐಸ್‌ಬರ್ಗ್ ಎಂಬ ಗುಲಾಬಿ ಪಡೆದರು. ಆ ಐಸ್‌ಬರ್ಗ್‌ನ ರಕ್ತ ಗ್ರಹಾಂ ಥಾಮಸ್‌ನಲ್ಲಿ ಇದೆ. ಹೆಸರಿಗೆ ಐಸ್‌ಬರ್ಗ್ ಫ್ಲೋರಿಬಂಡಾ, ಮಳೆಯಲ್ಲಿ ಅದಕ್ಕೂ ಕಪ್ಪು ಚುಕ್ಕೆ ಬರುತ್ತದೆ, ಎಲ್ಲಾ ಗೊತ್ತು. ಆದರೂ ಮಸ್ಕ್ ಮನೆತನದ ಬಫ್ ಬ್ಯೂಟಿ ಒಂದು ಕಡೆ, ಇಂಗ್ಲಿಷ್ ಗುಲಾಬಿ ಇನ್ನೊಂದು ಕಡೆ, ಇಬ್ಬರಿಗೂ ನೆಂಟನಾದ ಐಸ್‌ಬರ್ಗ್ ನಡುವೆ. ಗುಲಾಬಿ ಇದ್ದ ಗುಂಡಿಗೇ ಹೊಸ ಗುಲಾಬಿ ನೆಟ್ಟರೆ ಏಳಿಗೆ ಆಗುವುದಿಲ್ಲ, ಹಳೆ ಮಣ್ಣು ತೆಗೆಯಬೇಕು. ನಿನ್ನೆ ಒಂದೂವರೆ ಅಡಿ ಆಳಕ್ಕೆ ಅಗೆದು ಮಣ್ಣನ್ನೆಲ್ಲ ಹೊರಗೆ ಹಾಕಿದ್ದೇನೆ. ಗುಂಡಿ ನಾಲ್ಕು ದಿನ ಬಿಸಿಲಿಗೆ ಬಾಯಿ ತೆರೆದುಕೊಂಡಿರಲಿ, ಆಮೇಲೆ ನೆಡುತ್ತೇನೆ.