ಡಿಸ್ನಿ ವರ್ಲ್ಡ್‌ನಲ್ಲಿ ಊಟದ ಬುಕಿಂಗ್ ಮತ್ತು ಓಡಾಟ: ಬಾಡಿಗೆ ಕಾರು, ಟ್ಯಾಕ್ಸಿ, ಸ್ಕೈಲೈನರ್ ಮೂರೂ ನೋಡಿದ ಮೇಲೆ

ಆರ್ಲಾಂಡೊದ ಡಿಸ್ನಿ ವರ್ಲ್ಡ್‌ಗೆ ಹೊರಟವರ ಜೊತೆ ವಯಸ್ಸಾದವರು, ಸಣ್ಣ ಮಕ್ಕಳು ಇದ್ದರೆ, ಊಟವೂ ಶುದ್ಧ ಸಸ್ಯಾಹಾರವೇ ಆಗಬೇಕಿದ್ದರೆ, ಸ್ಕೈಲೈನರ್ ಅನ್ನೋ ಡಿಸ್ನಿಯ ಕೇಬಲ್ ಕಾರು ಬಂದು ನಿಲ್ಲುವ ಹೋಟೆಲ್‌ನಲ್ಲೇ ಇಳಿದುಕೊಳ್ಳಿ. ದಿನಕ್ಕೆ ಒಂದೇ ಟೇಬಲ್ ಬುಕ್ ಮಾಡಿ. ಉಳಿದ ಹೊತ್ತಿಗೆ ಮೊಬೈಲ್ ಆರ್ಡರ್ ಸಾಕು, ಬ್ಯಾಗಿನಲ್ಲಿ ರೊಟ್ಟಿ ಇರಲಿ. ಹೊರಗಡೆ ಮನೆ ಹಿಡಿದು ಬಾಡಿಗೆ ಕಾರಿನಲ್ಲಿ ಓಡಾಡಿದರೆ ಅಗ್ಗ ಅಂತ ತುಂಬಾ ಜನ ಹೇಳುತ್ತಾರೆ. ಬರೀ ಬಾಡಿಗೆ ನೋಡಿದರೆ ಅದು ನಿಜವೂ ಹೌದು. ಆದರೆ ಎಂಟು ಗಂಟೆಯ ತಿಂಡಿಗೆ ಬುಕಿಂಗ್ ಇದ್ದು, ಬೆಳಗ್ಗೆ ಮಕ್ಕಳನ್ನು ಎಬ್ಬಿಸಿ ಕಾರು ಹತ್ತಿದಾಗ ಲೆಕ್ಕ ಬೇರೆಯೇ ಆಗುತ್ತದೆ.

ಬೆಳಗಾವಿಯಿಂದ ಹೋದವರು ನಾವಿಬ್ಬರು, ಮಕ್ಕಳಿಬ್ಬರು, ನಮ್ಮ ಅತ್ತೆಯವರು. ಅಟ್ಲಾಂಟಾದಲ್ಲಿರುವ ಮೈದುನ ಮತ್ತು ನೆಗೆಣ್ಣಿ ಅಲ್ಲಿಗೆ ಬಂದು ಕೂಡಿಕೊಂಡರು. ಮೈದುನ ಇದ್ದಷ್ಟು ದಿನ ಪಕ್ಕದ ಕಿಸ್ಸಿಮ್ಮಿಯಲ್ಲಿ ಅಡುಗೆಮನೆ ಇರುವ ಮನೆ, ಬಾಡಿಗೆ ಕಾರು, ಅವನದೇ ಡ್ರೈವಿಂಗ್. ಅವರು ಕೆಲಸಕ್ಕೆ ವಾಪಸ್ ಹೋದ ಮೇಲೆ ನಾವು ಡಿಸ್ನಿಯ ಒಳಗಿನ ಪಾಪ್ ಸೆಂಚುರಿ ಹೋಟೆಲ್‌ಗೆ ಬಂದೆವು. ಹಾಗಾಗಿ ಒಂದೇ ಪ್ರವಾಸದಲ್ಲಿ ಎರಡೂ ನೋಡಿದ ಹಾಗಾಯಿತು.

ಊಟ ಮತ್ತು ಓಡಾಟವನ್ನು ಯಾಕೆ ಒಟ್ಟಿಗೆ ಯೋಚಿಸಬೇಕು ಅಂದರೆ, ಆ ಜಾಗ ಅಷ್ಟು ದೊಡ್ಡದು. ಸುಮಾರು 100 ಚದರ ಕಿಲೋಮೀಟರ್. ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್ ಅಂತ ನಾಲ್ಕು ಪಾರ್ಕುಗಳು, ಎರಡು ವಾಟರ್ ಪಾರ್ಕುಗಳು, ಡಿಸ್ನಿ ಸ್ಪ್ರಿಂಗ್ಸ್ ಅನ್ನೋ ಅಂಗಡಿ ಬೀದಿ, ಅವುಗಳ ನಡುವೆ ಹರಡಿಕೊಂಡ ಹೋಟೆಲ್‌ಗಳು. ಒಳ್ಳೆಯ ರೆಸ್ಟೋರೆಂಟ್‌ಗಳೆಲ್ಲ ಪಾರ್ಕಿನ ಒಳಗೇ ಇಲ್ಲ, ಎಷ್ಟೋ ಹೋಟೆಲ್‌ಗಳಲ್ಲಿವೆ. ಟೇಬಲ್ ಸಿಕ್ಕಿತು ಅಂತ ಖುಷಿಯಾಗಿ ಬುಕ್ ಮಾಡಿದರೆ ಅದು ನೀವಿರುವ ಪಾರ್ಕಿನಿಂದ ಇನ್ನೊಂದು ತುದಿಗೆ ಇರಬಹುದು.

ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಅಲ್ಲಿನ ಬೆಳಗ್ಗೆ ಆರು ಗಂಟೆ ಅಂದರೆ ಅವರ ಬೇಸಿಗೆ ಸಮಯದಲ್ಲಿ ನಮಗೆ ಮಧ್ಯಾಹ್ನ 3:30, ಚಳಿಗಾಲದಲ್ಲಿ 4:30. ಅಮೆರಿಕದಲ್ಲಿರುವವರು ನಿದ್ದೆಗಣ್ಣಿನಲ್ಲಿ ಏಳಬೇಕು, ನಾವು ಚಹಾ ಕುಡಿಯುತ್ತಾ ಮಾಡಬಹುದು. ಅದಕ್ಕೇ ಈ ಕೆಲಸ ಮೈದುನನಿಗೆ ಬಿಡದೆ ನಾನೇ ಮಾಡಿದೆ. ಡಿಸ್ನಿ ಹೋಟೆಲ್‌ನಲ್ಲಿ ಇಳಿಯುವವರಿಗೆ ಒಂದು ಅನುಕೂಲ ಇದೆ: ಬಂದಿಳಿಯುವ ದಿನಕ್ಕೆ 60 ದಿನ ಮೊದಲೇ, ಮುಂದಿನ 10 ದಿನಗಳವರೆಗಿನ ಟೇಬಲ್‌ಗಳನ್ನು ಒಂದೇ ಸಲ ಬುಕ್ ಮಾಡಬಹುದು. ಹೊರಗೆ ಇಳಿಯುವವರು ದಿನಾ ಅದೇ ಹೊತ್ತಿಗೆ ಫೋನ್ ಹಿಡಿದು ಕೂರಬೇಕು. ಹೆಚ್ಚಿನ ಕಡೆ ಎರಡು ಗಂಟೆ ಮೊದಲಿನ ತನಕ ಕ್ಯಾನ್ಸಲ್ ಮಾಡಬಹುದು, ಅದಾದ ಮೇಲೆ ಹೋಗದಿದ್ದರೆ ತಲೆಗೆ 10 ಡಾಲರ್ ಕಟ್ಟಬೇಕು.

ಈಗ ಕಾರು. ಕಾರಿನ ಸುಖ ಇಲ್ಲ ಅಂತ ನಾನು ಹೇಳುವುದಿಲ್ಲ. ಬೆಳಗ್ಗೆ ಮನೆಯಲ್ಲೇ ಉಪ್ಪಿಟ್ಟು ಮಾಡಿ, ಅತ್ತೆಯವರು ಸ್ನಾನ ಪೂಜೆ ಮುಗಿಸಿ, ಮೊಸರು ಬುತ್ತಿ ಕಟ್ಟಿಕೊಂಡು ಹೊರಡಬಹುದಿತ್ತು. ಮ್ಯಾಜಿಕ್ ಕಿಂಗ್‌ಡಮ್ ಬಿಟ್ಟು ಉಳಿದ ಮೂರು ಪಾರ್ಕುಗಳಲ್ಲಿ ಪಾರ್ಕಿಂಗ್ ಗೇಟಿನ ಎದುರಿಗೇ ಇದೆ, ಅಲ್ಲಿ ನಮಗೆ ಏನೂ ತೊಂದರೆ ಆಗಲಿಲ್ಲ. ತೊಂದರೆ ಎಲ್ಲಾ ಮ್ಯಾಜಿಕ್ ಕಿಂಗ್‌ಡಮ್‌ದು, ಮಕ್ಕಳು ಎಲ್ಲಕ್ಕಿಂತ ಜಾಸ್ತಿ ಹಂಬಲಿಸಿದ ಕೋಟೆ ಇರುವ ಪಾರ್ಕು.

ಮ್ಯಾಪ್ ನೋಡಿದರೆ ಕಿಸ್ಸಿಮ್ಮಿಯ ಮನೆಯಿಂದ ಅದು ಹತ್ತಿರವೇ ಕಾಣುತ್ತದೆ. ಆದರೆ ನಿಮ್ಮ ಕಾರು ಮ್ಯಾಜಿಕ್ ಕಿಂಗ್‌ಡಮ್ ಗೇಟಿನ ಮುಂದೆ ಹೋಗುವುದೇ ಇಲ್ಲ. ನಡುವೆ ದೊಡ್ಡ ಕೆರೆ ಇದೆ. ಕೆರೆಯ ಈಚೆ ದಡದಲ್ಲಿ ಟ್ರಾನ್ಸ್‌ಪೋರ್ಟೇಶನ್ ಅಂಡ್ ಟಿಕೆಟ್ ಸೆಂಟರ್ ಅಂತ ಇದೆ, ಅಲ್ಲಿನ ಬಯಲಿನಲ್ಲಿ ಕಾರು ನಿಲ್ಲಿಸಬೇಕು. ಆಮೇಲೆ ಟ್ರ್ಯಾಮ್ ಹತ್ತಬೇಕು ಅಥವಾ ನಡೆಯಬೇಕು. ಆಮೇಲೆ ಬ್ಯಾಗ್ ತಪಾಸಣೆ. ಆಮೇಲೆ ಮಾನೋರೈಲ್ ಅಥವಾ ದೊಡ್ಡ ದೋಣಿ, ಎರಡರಲ್ಲಿ ಯಾವುದರ ಸಾಲು ಚಿಕ್ಕದಿದೆ ಅಂತ ನೋಡಿ ನಿಲ್ಲಬೇಕು. ಆಚೆ ದಡಕ್ಕೆ ಇಳಿದ ಮೇಲೆ ಪಾರ್ಕಿನ ಗೇಟು. ನಾವು ತಿಂಡಿಗೆ ಬುಕ್ ಮಾಡಿದ್ದ ಕ್ರಿಸ್ಟಲ್ ಪ್ಯಾಲೇಸ್ ಇರುವುದು ಗೇಟಿನ ಹತ್ತಿರ ಅಲ್ಲ, ಮೇನ್ ಸ್ಟ್ರೀಟ್ ಪೂರ್ತಿ ನಡೆದು ಕೋಟೆಯ ಮುಂದೆ ಎಡಕ್ಕೆ ತಿರುಗಿದ ಮೇಲೆ.

ಆ ಬೆಳಗ್ಗೆ ಟ್ರ್ಯಾಮ್ ಬಂದು ನಿಂತಾಗ ಸ್ಟ್ರಾಲರ್ ಮಡಚಬೇಕು. ಸಣ್ಣವನು ನನ್ನ ಹೆಗಲ ಮೇಲೆ ನಿದ್ದೆ, ಇನ್ನೊಂದು ಕೈಯಲ್ಲಿ ಸ್ಟ್ರಾಲರ್‌ನ ಕೊಂಡಿ ಒತ್ತುತ್ತಿದ್ದೇನೆ, ಕೆಳಗಿನ ಜಾಳಿಗೆಯಲ್ಲಿದ್ದ ನೀರಿನ ಬಾಟಲಿ ಉರುಳಿ ಪಕ್ಕದ ಕಾರಿನ ಕೆಳಗೆ ಹೋಯಿತು, ನಮ್ಮವರು ಮೊಣಕಾಲೂರಿ ಅದನ್ನು ತೆಗೆಯುವಷ್ಟರಲ್ಲಿ ಟ್ರ್ಯಾಮ್ ಹೋಗಿಬಿಟ್ಟಿತು. ಅತ್ತೆಯವರು "ನೀವು ನಡೀರಿ ಮುಂದ, ನಾ ನಿಧಾನಕ ಬರ್ತೀನಿ" ಅಂದರು. ಅವರ ಮೊಣಕಾಲು ನೋವು ನಮಗೆ ಗೊತ್ತು, ಬಿಟ್ಟು ಹೋಗುವ ಮಾತೇ ಇಲ್ಲ. ಮುಂದಿನ ಟ್ರ್ಯಾಮ್, ತಪಾಸಣೆ, ದೋಣಿ ಎಲ್ಲ ಮುಗಿಸಿ ನಾವು ಮುಟ್ಟುವಾಗ ಬುಕಿಂಗ್ ಹೊತ್ತು ಮೀರಿತ್ತು. ಟೇಬಲ್ ಕೊಟ್ಟರು. ಆದರೆ ಕಾರ್ಟೂನಿನ ಪೂ ಕರಡಿಯ ವೇಷದವರು ಟೇಬಲ್ ಹತ್ತಿರ ಬಂದಾಗ ಮಗಳು ಹಸಿವಿನಿಂದ ಅಳುತ್ತಾ ನನ್ನ ಮಡಿಲಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಎರಡು ತಿಂಗಳಿಂದ ಅದನ್ನೇ ಕನವರಿಸಿದ ಮಗು. ನನಗೆ ಈಗಲೂ ಅದು ಬೇಜಾರೇ.

ಸಂಜೆ ಮತ್ತೆ ಅದೇ ಕತೆ ಉಲ್ಟಾ. ಪಟಾಕಿ ಪ್ರದರ್ಶನ ಮುಗಿದ ಕೂಡಲೇ ಜನ ಎಲ್ಲ ದೋಣಿಗೂ ಮಾನೋರೈಲಿಗೂ ನುಗ್ಗುತ್ತಾರೆ, ನಿಮ್ಮ ಕಾರು ಆಚೆ ದಡದಲ್ಲಿದೆ. ಮಧ್ಯಾಹ್ನ ಬೇರೆ ಕಡೆ ಊಟಕ್ಕೆ ಟೇಬಲ್ ಇದ್ದರೆ ಕಾರಿನ ತನಕ ಬರಲಿಕ್ಕೇ ಇಷ್ಟೆಲ್ಲ ಆಗಬೇಕು. ಅದಾದ ಮೇಲೆ ಕಾರಿನಲ್ಲಿ ಹೋಗುವ ದಿನ ಮ್ಯಾಜಿಕ್ ಕಿಂಗ್‌ಡಮ್‌ಗೆ ತಿಂಡಿಯ ಬುಕಿಂಗ್ ಬೇಡವೇ ಬೇಡ ಅಂತ ನಿರ್ಧರಿಸಿದೆವು. ಮನೆಯಲ್ಲೇ ತಿಂದು, ಮಧ್ಯಾಹ್ನ ಒಂದೂವರೆಯ ಮೇಲಿನ ಟೇಬಲ್ ಹಿಡಿಯುವುದು. ಕಾರೇ ಬೇಕು ಅನ್ನುವವರು ಇದನ್ನಾದರೂ ಪಾಲಿಸಿ.

ಹೋಟೆಲ್‌ನಿಂದ ಹೋದ ದಿನ ಇದರ ಗೋಳೇ ಇರಲಿಲ್ಲ. ಡಿಸ್ನಿ ಹೋಟೆಲ್‌ಗಳ ಬಸ್ ಆ ಕೆರೆಯನ್ನು ಸುತ್ತು ಹಾಕಿ ಮ್ಯಾಜಿಕ್ ಕಿಂಗ್‌ಡಮ್ ಗೇಟಿನ ಪಕ್ಕಕ್ಕೇ ತಂದು ಇಳಿಸುತ್ತದೆ. ಟಿಕೆಟ್ ಇಲ್ಲ, ಪುಕ್ಕಟೆ. ಬಸ್ಸಿನಲ್ಲೂ ಸ್ಟ್ರಾಲರ್ ಮಡಚಬೇಕು, ಅದೊಂದು ಕಿರಿಕಿರಿ ಇದ್ದೇ ಇದೆ.

ಸ್ಕೈಲೈನರ್‌ನಲ್ಲಿ ಅದೂ ಇಲ್ಲ. ಇದು 2019ರ ಸೆಪ್ಟೆಂಬರ್‌ನಲ್ಲಿ ಶುರುವಾದ ಕೇಬಲ್ ಕಾರು. ಒಂದು ಡಬ್ಬಿಯಲ್ಲಿ ಹತ್ತು ಜನ ಕೂರಬಹುದು, ಸ್ಟ್ರಾಲರ್ ಹಾಗೇ ತಳ್ಳಿಕೊಂಡು ಒಳಗೆ ಹೋಗಬಹುದು, ಮಲಗಿದ ಮಗು ಮಲಗಿದಂತೆಯೇ ಇರುತ್ತದೆ. ಪಾಪ್ ಸೆಂಚುರಿ ಮತ್ತು ಆರ್ಟ್ ಆಫ್ ಅನಿಮೇಶನ್ ಹೋಟೆಲ್‌ಗಳ ನಡುವಿನ ಸ್ಟೇಷನ್‌ನಿಂದ ಹತ್ತಿ, ಕೆರಿಬಿಯನ್ ಬೀಚ್ ಸ್ಟೇಷನ್‌ನಲ್ಲಿ ಬದಲಿಸಿ, ಒಂದು ಸಾಲಿನಲ್ಲಿ ಹಾಲಿವುಡ್ ಸ್ಟುಡಿಯೋಸ್, ಇನ್ನೊಂದರಲ್ಲಿ ರಿವಿಯೆರಾ ಹೋಟೆಲ್ ದಾಟಿ ಎಪ್ಕಾಟ್. ಡಬ್ಬಿ ನಿಲ್ಲದೆ ನಿಧಾನವಾಗಿ ಸರಿಯುತ್ತಿರುತ್ತದೆ, ಅತ್ತೆಯವರು ಮೊದಲ ಸಲ ಹೆದರಿದರು. ವೀಲ್‌ಚೇರ್‌ನವರಿಗೆ ಡಬ್ಬಿ ಪೂರ್ತಿ ನಿಲ್ಲುವ ಬೇರೆ ಜಾಗ ಇದೆ ಅಂತ ಸಿಬ್ಬಂದಿ ಹೇಳಿದರು, ಆಮೇಲೆ ನಾವು ಅಲ್ಲೇ ಹತ್ತಿದೆವು. ಎ.ಸಿ. ಇಲ್ಲ, ಆದರೆ ಓಡುವಾಗ ಗಾಳಿ ಚೆನ್ನಾಗಿ ಬರುತ್ತದೆ. ಸಿಡಿಲು, ಜೋರು ಗಾಳಿ ಬಂದರೆ ನಿಲ್ಲಿಸುತ್ತಾರೆ. ಫ್ಲೋರಿಡಾದ ಬೇಸಿಗೆಯಲ್ಲಿ ಮಧ್ಯಾಹ್ನದ ಹೊತ್ತು ಗುಡುಗು ಮಳೆ ಸಾಮಾನ್ಯ, ಆದ್ದರಿಂದ ಮೂರು ನಾಲ್ಕು ಗಂಟೆಗೆ ಸ್ಕೈಲೈನರ್ ನಂಬಿ ಟೇಬಲ್ ಬುಕ್ ಮಾಡಬೇಡಿ.

ಎಪ್ಕಾಟ್‌ನಲ್ಲಿ ಇದು ಇಳಿಸುವುದು ಹಿಂದಿನ ಬಾಗಿಲಿನಲ್ಲಿ, ದೇಶಕ್ಕೊಂದರಂತೆ ಕಟ್ಟಿದ ಮಂಟಪಗಳ ಪೈಕಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ಮಂಟಪಗಳ ನಡುವೆ. ಊಟದ ಜಾಗಗಳು ಜಾಸ್ತಿ ಇರುವುದು ಈ ಹಿಂಬದಿಯಲ್ಲೇ. ಅಲ್ಲಿಂದ ಸುತ್ತಿಕೊಂಡು ಇಟಲಿ ಮಂಟಪಕ್ಕೆ ನಡೆದರೆ ವಿಯಾ ನಾಪೊಲಿ ಅನ್ನೋ ಪಿಜ್ಜಾ ಹೋಟೆಲ್. ಕಟ್ಟಿಗೆ ಉರಿಯುವ ಮೂರು ದೊಡ್ಡ ಒಲೆಗಳು, ಒಂದೊಂದಕ್ಕೂ ಇಟಲಿಯ ಜ್ವಾಲಾಮುಖಿಯ ಹೆಸರು: ಎಟ್ನಾ, ವೆಸುವಿಯೊ, ಸ್ಟ್ರಾಂಬೊಲಿ. ಮಗಳು ಒಲೆಯ ಬಾಯಿಗೆ ಮಾಡಿದ ಮುಖಗಳನ್ನು ನೋಡುತ್ತಾ ಕೂತಳು. ಸಾದಾ ಮಾರ್ಗರಿಟಾ ಪಿಜ್ಜಾ ಎಲ್ಲರೂ ತಿಂದೆವು. ನಮ್ಮ ಇಡೀ ಪ್ರವಾಸದಲ್ಲಿ ಗಡಿಯಾರ ನೋಡದೆ ಉಂಡ ಊಟ ಅದು.

ಒಳಗಿನ ಹೋಟೆಲ್‌ನಲ್ಲಿದ್ದರೂ ಒಂದು ವಿಷಯ ತಿಳಿದಿರಬೇಕು. ಪಾರ್ಕಿನಿಂದ ಪ್ರತಿ ಹೋಟೆಲ್‌ಗೂ ಬಸ್ ಇದೆ, ಆದರೆ ದೂರದ ಎರಡು ಹೋಟೆಲ್‌ಗಳ ನಡುವೆ ಸಾಮಾನ್ಯವಾಗಿ ನೇರ ಬಸ್ ಇಲ್ಲ. ಖಾನಾಪುರದಿಂದ ಗೋಕಾಕಕ್ಕೆ ಹೋಗುವವರು ಬೆಳಗಾವಿಯ ಸಿಬಿಟಿ ಬಸ್ ನಿಲ್ದಾಣಕ್ಕೆ ಬಂದು ಬಸ್ ಬದಲಿಸಿದ ಹಾಗೆ, ನಡುವೆ ಯಾವುದಾದರೂ ಪಾರ್ಕಿಗೋ ಡಿಸ್ನಿ ಸ್ಪ್ರಿಂಗ್ಸ್‌ಗೋ ಬಂದು ಬದಲಿಸಬೇಕು. ನಾವು ಸಂಜೆ ಊಟಕ್ಕೆ ಅನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ಹಿಡಿದಿದ್ದೆವು. ಆಫ್ರಿಕಾ ಮತ್ತು ಭಾರತದ ಅಡುಗೆ ಸೇರಿಸಿ ಮಾಡುವ ಜಾಗ. ನಾನ್ ಜೊತೆ ಬಗೆಬಗೆಯ ಚಟ್ನಿ ಇಟ್ಟುಕೊಡುವ ಬ್ರೆಡ್ ಸರ್ವೀಸ್ ಅಲ್ಲಿ ಹೆಸರುವಾಸಿ. ಕಿಟಕಿಯಾಚೆ ಹುಲ್ಲುಗಾವಲಿನಲ್ಲಿ ಜಿರಾಫೆ, ಜೀಬ್ರಾ. ಅತ್ತೆಯವರು ಚಟ್ನಿ ಒಂದೊಂದನ್ನೇ ನಾಲಿಗೆಗೆ ಹಚ್ಚಿ ನೋಡಿ, ಖಾರ ಇದ್ದದ್ದನ್ನು ತಮ್ಮ ಕಡೆ ಎಳೆದುಕೊಂಡರು.

ಈ ಟೇಬಲನ್ನು ಅನಿಮಲ್ ಕಿಂಗ್‌ಡಮ್ ಪಾರ್ಕ್ ನೋಡುವ ದಿನವೇ ಇಟ್ಟುಕೊಳ್ಳಿ, ಪಾರ್ಕಿನಿಂದ ಲಾಡ್ಜ್‌ಗೆ ಬಸ್ ಬೇಗ ಮುಟ್ಟಿಸುತ್ತದೆ. ವಾಪಸ್ ಬರಲು ಮಾತ್ರ ಆ್ಯಪ್ ಟ್ಯಾಕ್ಸಿ ಕರೆಯಿರಿ. ನನ್ನ ಮಟ್ಟಿಗೆ ಟ್ಯಾಕ್ಸಿಗೆ ಇರುವ ಜಾಗ ಅದೊಂದೇ: ರಾತ್ರಿ, ಹೋಟೆಲ್‌ನಿಂದ ಹೋಟೆಲ್‌ಗೆ. ಮ್ಯಾಜಿಕ್ ಕಿಂಗ್‌ಡಮ್‌ಗೆ ಅದೂ ಆ ಟಿಕೆಟ್ ಸೆಂಟರ್ ತನಕವೇ ಬಿಡುತ್ತದೆ. ಮಗುವಿನ ಸೀಟ್ ನೀವೇ ಇಟ್ಟುಕೊಂಡಿರಬೇಕು.

ಹೋಟೆಲ್ ರೂಮಿನಲ್ಲಿ ಅಡುಗೆಮನೆ ಇಲ್ಲ, ಪಾಪ್ ಸೆಂಚುರಿಯಲ್ಲಿ ಸಣ್ಣ ಫ್ರಿಜ್ ಇದೆ. ಬಿಸಿ ಮಾಡಲು ಕೆಳಗಿನ ಫುಡ್ ಕೋರ್ಟ್‌ಗೆ ಹೋಗಬೇಕು. ನಮಗೆ ಇದು ಕಷ್ಟ ಆಗಲಿಲ್ಲ, ಯಾಕೆಂದರೆ ಡಿಸ್ನಿ ಪಾರ್ಕುಗಳಿಗೆ ಹೊರಗಿನ ತಿಂಡಿ ಒಯ್ಯಬಹುದು. ಗಾಜಿನ ಡಬ್ಬಿ, ಮದ್ಯ ಬಿಟ್ಟರೆ ಯಾರೂ ಕೇಳುವುದಿಲ್ಲ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬ್ಯಾಗಿನಲ್ಲಿ ಇದ್ದವು. ಮೊಸರಿನ ಡಬ್ಬಿ ಒಂದು ಕೊಂಡರೆ ಅತ್ತೆಯವರ ಮಧ್ಯಾಹ್ನದ ಊಟ ಮುಗಿಯಿತು. ಉಳಿದವರಿಗೆ ಮೊಬೈಲ್ ಆರ್ಡರ್: ಆ್ಯಪ್‌ನಲ್ಲಿ ಹೊತ್ತು ಆರಿಸಿ, ಹಣ ಕಟ್ಟಿ, ಮುಟ್ಟಿದ ಮೇಲೆ ಬಂದಿದ್ದೇವೆ ಅಂತ ಒತ್ತಿದರೆ ಮಾಡಿಕೊಡುತ್ತಾರೆ. ಮೆನುವಿನಲ್ಲಿ ಎಲೆಯ ಗುರುತು ಇದ್ದರೆ ಅದರಲ್ಲಿ ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಮೊಟ್ಟೆಯನ್ನೂ ಮುಟ್ಟದ ಹಿರಿಯರ ಜೊತೆ ಇದ್ದರೆ ಆ ಗುರುತು ದೊಡ್ಡ ನೆಮ್ಮದಿ.

ದುಡ್ಡಿನ ಮಾತು. ಹೊರಗಿನ ಮನೆ ಏಳು ಜನರಿಗೆ ಹಂಚಿದಾಗ ಅಗ್ಗವೇ ಇತ್ತು, ಅದರ ಮೇಲೆ ಕಾರಿನ ಬಾಡಿಗೆ, ಪೆಟ್ರೋಲ್, ದಿನಾ ಪಾರ್ಕಿಂಗ್. ಐದೇ ಜನ ಉಳಿದಾಗ ಹಂಚಲು ಯಾರೂ ಇಲ್ಲ, ಡ್ರೈವ್ ಮಾಡಲು ಮೈದುನನೂ ಇಲ್ಲ. ಡಿಸ್ನಿಯ ಹೋಟೆಲ್‌ಗಳಲ್ಲಿ ಪಾಪ್ ಸೆಂಚುರಿ ಕಡಿಮೆ ದರದ ಗುಂಪಿಗೆ ಸೇರಿದ್ದು, ಸ್ಕೈಲೈನರ್ ಪುಕ್ಕಟೆ, ಬಸ್ ಪುಕ್ಕಟೆ. ಮೂರು ವರ್ಷದೊಳಗಿನ ಮಗುವಿಗೆ ಪಾರ್ಕ್ ಟಿಕೆಟ್ ಇಲ್ಲ, ಬಫೆಯಲ್ಲೂ ದುಡ್ಡಿಲ್ಲ, ಹಾಗಾಗಿ ಸಣ್ಣವನ ಖರ್ಚು ಎರಡೂ ಕಡೆ ಒಂದೇ. ಉಳಿಸಬೇಕಾದರೆ ಟೇಬಲ್ ಊಟದಲ್ಲಿ ಉಳಿಸಿ, ದಿನಕ್ಕೆ ಎರಡು ಬುಕಿಂಗ್ ಮಾಡಿದರೆ ಅರ್ಧ ದಿನ ಬಸ್ ಕಾಯುವುದರಲ್ಲೇ ಹೋಗುತ್ತದೆ.

ಮೈದುನ ಈಗಲೂ ಕಾರೇ ಸರಿ ಅನ್ನುತ್ತಾನೆ. ಅವರಿಗೆ ಸಣ್ಣ ಮಕ್ಕಳಿಲ್ಲ, ರಾತ್ರಿ ಹನ್ನೊಂದಕ್ಕೆ ಊಟ ಮಾಡುವ ರೂಢಿ, ಅಲ್ಲಿನ ರಸ್ತೆ ಪರಿಚಯ ಇದೆ. ಅಂಥವರಿಗೆ ಅದು ಸರಿಯೇ. ಅತ್ತೆಯವರಿಗೆ ಏಳೂವರೆಗೆ ಊಟ ಆಗಬೇಕು, ಒಂಬತ್ತಕ್ಕೆ ಮಲಗಬೇಕು. ಮುಂದಿನ ಸಲ ಹೋದರೆ ನಾನು ಮೊದಲ ದಿನದಿಂದಲೇ ಸ್ಕೈಲೈನರ್ ಹೋಟೆಲ್ ಹಿಡಿಯುತ್ತೇನೆ, ಮೈದುನನಿಗೂ ಅಲ್ಲೇ ಒಂದು ರೂಮ್.