ಆದೇಶ ತಲುಪಿತ್ತು, ಕ್ಯಾಮೆರಾ ಗೋಡೆ ನೋಡುತ್ತಿತ್ತು

ಕಲಬುರಗಿಯ ಗಂಜ್ ಪ್ರದೇಶದಲ್ಲಿರುವ ನಮ್ಮ ಅಣ್ಣನ ತೊಗರಿ ಗೋದಾಮಿಗೆ ತಿರುಗುವ ಕ್ಯಾಮೆರಾ ಒಂದನ್ನು ಹಾಕಿಸಿ, ಮನೆಯ ಲಿನಕ್ಸ್ ಕಂಪ್ಯೂಟರಿನಿಂದ ಕಮಾಂಡುಗಳ ಮೂಲಕ ಅದನ್ನು ನಡೆಸುವ ವ್ಯವಸ್ಥೆಯನ್ನು ನಾನೇ ಮಾಡಿದ್ದೆ. ಹಗಲಿನಲ್ಲಿ ತೂಕದ ಕಾಟಾ, ರಾತ್ರಿ 10 ಗಂಟೆಯಿಂದ ಗೇಟು ಕಾಣಬೇಕೆಂಬುದು ಅಣ್ಣನ ಅಪೇಕ್ಷೆ. ಅದಕ್ಕಾಗಿ ನಾನು ಬರೆದ ಸ್ಕ್ರಿಪ್ಟು, ಅಂದರೆ ಕಮಾಂಡುಗಳ ಸರಣಿ, ‘ಬಲಕ್ಕೆ ತಿರುಗು’ ಎಂಬ ಆದೇಶವನ್ನು ಕರ್ಲ್ ಎಂಬ, ಜಾಲದ ಮೂಲಕ ಸಂದೇಶ ಮುಟ್ಟಿಸುವ ಕಮಾಂಡಿನಿಂದ ಕಳಿಸಿ, 4 ಸೆಕೆಂಡು ಕಾದು, ‘ನಿಲ್ಲು’ ಎಂದು ಹೇಳುತ್ತಿತ್ತು.

ತೊಗರಿಯ ಆವಕ ಜೋರಾಗಿದ್ದ ಜನವರಿಯಲ್ಲಿ ಒಂದು ಬೆಳಿಗ್ಗೆ ಒಂಬತ್ತು ಚೀಲಗಳು ಲೆಕ್ಕಕ್ಕೆ ಸಿಗಲಿಲ್ಲ. ಎಲ್ಲರ ದೃಷ್ಟಿಯೂ ರಾತ್ರಿ ಕಾವಲಿನ ಕಾಕಾನ ಮೇಲೆ ಬಿತ್ತು. ‘ನಾ ಗೇಟ್ ಬಿಟ್ಟು ಎಲ್ಲೂ ಹೋಗಿಲ್ಲರಿ, ಬೇಕಾದ್ರ ಕ್ಯಾಮೆರಾ ನೋಡ್ರಿ’ ಎಂದು ಅವರೇ ಹೇಳಿದರು. ನೋಡಿದರೆ, ರಾತ್ರಿಯಿಡೀ ದಾಖಲಾಗಿದ್ದದ್ದು ಹಿಂಬದಿಯ ಗೋಡೆ ಮಾತ್ರ. ತಿರುಗುವ ಆದೇಶ ತಲುಪಿದ ಮೇಲೆ ಇಂಟರ್ನೆಟ್ ಕಡಿದು, ನಿಲ್ಲುವ ಆದೇಶ ಹೋಗಿಯೇ ಇರಲಿಲ್ಲ; ಕ್ಯಾಮೆರಾ ಗೇಟನ್ನೂ ದಾಟಿ ತಿರುಗಿಬಿಟ್ಟಿತ್ತು. ನನ್ನ ಲಾಗ್ ಕಡತದಲ್ಲಿ ಮಾತ್ರ ‘200 ಓಕೆ’ ಎಂದಿತ್ತು, ಏಕೆಂದರೆ ಮೊದಲ ಆದೇಶದ ಉತ್ತರವನ್ನಷ್ಟೇ ನಾನು ಬರೆದಿಡುತ್ತಿದ್ದೆ. ಎರಡು ದಿನಗಳ ನಂತರ ಆ ಚೀಲಗಳು ಬೇರೆಯವರ ಲಾಟಿನೊಂದಿಗೆ ಸೇರಿಹೋಗಿದ್ದು ತಿಳಿಯಿತು. ಅಷ್ಟರಲ್ಲಿ ಕಾಕಾ ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ನಾವು ಹೋಗಿ ಕ್ಷಮೆ ಕೇಳಿದರೂ ಅವರು ಮರಳಲಿಲ್ಲ. ಅವರ ಪರವಾಗಿ ಸಾಕ್ಷಿ ನುಡಿಯಬೇಕಾಗಿದ್ದ ಕಣ್ಣನ್ನು ನನ್ನ ಅಜಾಗ್ರತೆ ಮುಚ್ಚಿಬಿಟ್ಟಿತ್ತು.

‘200 ಓಕೆ’ ಎಂದರೆ ಕ್ಯಾಮೆರಾ ಆದೇಶವನ್ನು ಸ್ವೀಕರಿಸಿದೆ ಎಂದಷ್ಟೇ ಅರ್ಥ. ಅದು ಎತ್ತ ನೋಡುತ್ತಿದೆ ಎಂಬುದಕ್ಕೆ ಪುರಾವೆಯಲ್ಲ. ಸೆಕೆಂಡುಗಳ ಲೆಕ್ಕದಲ್ಲಿ ತಿರುಗಿಸುವುದೇ ತಪ್ಪು, ಏಕೆಂದರೆ ಪ್ರತಿ ಸಲದ ಸಣ್ಣ ವ್ಯತ್ಯಾಸವೂ ಮುಂದಿನದಕ್ಕೆ ಕೂಡುತ್ತ ಹೋಗುತ್ತದೆ. ಬಹುತೇಕ ತಿರುಗುವ ಕ್ಯಾಮೆರಾಗಳಲ್ಲಿ ಬೇಕಾದ ದಿಕ್ಕನ್ನು ‘ಪ್ರಿಸೆಟ್’ ಆಗಿ ಉಳಿಸಿಕೊಂಡು, ಒಂದೇ ಆದೇಶದಿಂದ ನೇರವಾಗಿ ಅಲ್ಲಿಗೆ ಕಳಿಸಬಹುದು. ಬೇರೆ ಬೇರೆ ಕಂಪನಿಗಳ ಕ್ಯಾಮೆರಾಗಳಿಗೆ ಸಮಾನ ನಿಯಮ ರೂಪಿಸಲು 2008ರಲ್ಲಿ ಆರಂಭವಾದ ಆನ್‌ವಿಫ್ ಸಂಘಟನೆಯ ಮಾನಕದಲ್ಲಿ ಇದಕ್ಕೂ, ಸತತ ತಿರುಗುವಿಕೆಗೆ ಕಾಲಮಿತಿ ಹಾಕುವುದಕ್ಕೂ ಅವಕಾಶವಿದೆ. ಈಗ ನಾನು ಪ್ರಿಸೆಟ್ ಆದೇಶ ಕಳಿಸಿದ ಅರ್ಧ ನಿಮಿಷಕ್ಕೆ ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಿಂದ ಒಂದು ಚಿತ್ರ ತೆಗೆಸಿ, ಗೇಟು ಕಾಣುತ್ತಿದೆಯೇ ಎಂದು ಕಣ್ಣಾರೆ ನೋಡಿಯೇ ಮಲಗುತ್ತೇನೆ. ಆದೇಶ ಕಳಿಸುವ ಚಿಕ್ಕ ಕಂಪ್ಯೂಟರನ್ನೂ ಗೋದಾಮಿನೊಳಗೇ ಇಟ್ಟಿರುವುದರಿಂದ ಹೊರಗಿನ ಇಂಟರ್ನೆಟ್ ಕಡಿದರೂ ಕೆಲಸ ಕೆಡುವುದಿಲ್ಲ.

ಪಾಸ್‌ವರ್ಡಿನ ವಿಷಯದಲ್ಲಿಯೂ ನಾನು ತಪ್ಪಿದ್ದೆ. ಕಮಾಂಡಿನಲ್ಲೇ ಅದನ್ನು ಟೈಪ್ ಮಾಡಿದ್ದರಿಂದ ಟೈಪ್ ಮಾಡಿದ ಕಮಾಂಡುಗಳನ್ನೆಲ್ಲ ಕಂಪ್ಯೂಟರು ಉಳಿಸಿಡುವ ಶೆಲ್‌ನ ಹಿಸ್ಟರಿ ಕಡತದಲ್ಲಿ ಅದು ಬಟ್ಟಬಯಲಾಗಿ ಉಳಿದಿತ್ತು. ಹೊರಗಿನಿಂದ ಕ್ಯಾಮೆರಾ ತಲುಪಲೆಂದು ರೂಟರಿನ ಪೋರ್ಟನ್ನೂ, ಅಂದರೆ ಇಂಟರ್ನೆಟ್‌ನಿಂದ ಒಳಬರುವ ದಾರಿಯನ್ನೂ, ತೆರೆದಿಟ್ಟಿದ್ದೆ. ಕಾರ್ಖಾನೆಯ ಪಾಸ್‌ವರ್ಡನ್ನು ಬದಲಿಸದೆ ಹೀಗೆ ತೆರೆದಿಟ್ಟ ಕ್ಯಾಮೆರಾಗಳೂ ರೆಕಾರ್ಡರುಗಳೂ 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶದ ವಶವಾಗಿದ್ದವು. ಪಾಸ್‌ವರ್ಡನ್ನು ನೀವು ಮಾತ್ರ ಓದಬಲ್ಲ ಪ್ರತ್ಯೇಕ ಕಡತದಲ್ಲಿಡಿ, ಪೋರ್ಟು ಮುಚ್ಚಿ, ಇಂಟರ್ನೆಟ್ ಮೇಲೆಯೇ ಖಾಸಗಿ ಸುರಕ್ಷಿತ ಸಂಪರ್ಕ ಕೊಡುವ ವಿಪಿಎನ್ ಬಳಸಿ.

ನನ್ನ ಹಳೆಯ ಸ್ಕ್ರಿಪ್ಟನ್ನು ಗಂಜಿನ ಇಬ್ಬರು ವ್ಯಾಪಾರಿಗಳು ಒಯ್ದಿದ್ದರು, ಅವರಿಗೆ ತಿಳಿಸಿದ್ದೇನೆ. ಅವರಿಂದ ಮತ್ತಾರಾದರೂ ಪಡೆದಿದ್ದರೆ ದಯವಿಟ್ಟು ಇಂದೇ ಅದನ್ನು ನಿಲ್ಲಿಸಿ, ನಿಮ್ಮ ಕ್ಯಾಮೆರಾ ಈಗ ಎತ್ತ ನೋಡುತ್ತಿದೆ ಎಂದು ಒಮ್ಮೆ ಪರೀಕ್ಷಿಸಿ.